ಲಿಫ್ಟಿನ ನೆತ್ತಿಯ ಮೇಲೆ ಒಂದು ಅಧ್ಯಾಯ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅಡುಗೆಮನೆಯ ಬೀರುವಿಗೆ ಅಂಟಿಸಿದ್ದ ಒಂದು ಹಾಳೆ. ಅದರಲ್ಲಿ ಮೂವತ್ತು ಚೌಕ. ಇಪ್ಪತ್ತೊಂಬತ್ತರಲ್ಲಿ ಕೆಂಪು ಶಾಯಿಯ ಗುರುತು ಬಿದ್ದಿತ್ತು. ಕೊನೆಯದು ಮಾತ್ರ ಖಾಲಿ ಉಳಿದು, ಹಲ್ಲುದುರಿದ ಬಾಯಿಯ ಹಾಗೆ ಲಿಫ್ಟ್ ಮೇಸ್ತ್ರಿಯನ್ನು ನೋಡಿ ನಗುತ್ತಿತ್ತು.

ಅಂಟಿಸಿದವಳು ಹಿರಿಮಗಳು. ಹದಿಮೂರು ವರ್ಷ, ನಾಲಿಗೆಗೆ ಮಾತ್ರ ಮೂವತ್ತು. ತಿಂಗಳ ಹಿಂದೆ ಮೇಸ್ತ್ರಿ ಎಂದಿನಂತೆ, "ಬೈಬಲ್ ಓದಿದೆಯೇನೇ?" ಎಂದು ಗದರಿದಾಗ ಅವಳು ತಟ್ಟೆ ತೊಳೆಯುತ್ತಲೇ ಕೇಳಿದ್ದಳು, "ನೀವು ಯಾವಾಗ ಓದಿದ್ರಿ ಅಪ್ಪಾ?"

"ನಾನು ದುಡಿಯೋನು ಕಣೇ. ನನಗೆಲ್ಲಿದೆ ಹೊತ್ತು?"

"ನನಗೂ ಹೋಂವರ್ಕ್ ಇದೆ. ಹೇಳೋದು ಶಾಸ್ತ್ರ, ಹಾಕೋದು ಗಾಳ!"

ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿತ್ತು, ಬಾಡಿಗೆ ಕೊಡದೆ. ಆ ಕೋಪದಲ್ಲೇ ಒಪ್ಪಂದ ಆಗಿಹೋಯಿತು. ಮೂವತ್ತು ದಿನ, ದಿನಕ್ಕೊಂದು ಅಧ್ಯಾಯ, ಅವಳು ಶಾಲೆಯಿಂದ ಬರುವ ನಾಲ್ಕು ಗಂಟೆಯೊಳಗೆ. ಅಧ್ಯಾಯ ಅವಳ ಆಯ್ಕೆ, ಸಂಜೆಯ ಪ್ರಶ್ನೆಯೂ ಅವಳದೇ. ಅಪ್ಪ ಗೆದ್ದರೆ ಅವಳು ತುಟಿಪಿಟಕ್ಕೆನ್ನದೆ ದಿನಾ ಓದಬೇಕು. ಒಂದೇ ಒಂದು ದಿನ ತಪ್ಪಿದರೂ 'ಓದು' ಎಂಬ ಎರಡಕ್ಷರ ಅಪ್ಪನ ಬಾಯಿಂದ ಮತ್ತೆ ಬರಕೂಡದು.

ಹಟಕ್ಕೆ ಶುರುವಾದ ಓದು ಹನ್ನೆರಡನೇ ದಿನದ ಹೊತ್ತಿಗೆ ರುಚಿ ಹತ್ತಿತ್ತು. ಇಡೀ ದಿನದಲ್ಲಿ ಆ ಹತ್ತು ನಿಮಿಷ ಮಾತ್ರ ಯಾರೂ ಅವನಿಂದ ಏನನ್ನೂ ಕೇಳುತ್ತಿರಲಿಲ್ಲ. ಸಂಜೆ ಮಗಳು ಎದುರು ಕೂತು ಪ್ರಶ್ನೆ ಕೇಳುವಾಗ ಇನ್ನೊಂದು ಸಂಗತಿಯೂ ಹೊಳೆದಿತ್ತು: ವರ್ಷದಿಂದ ಬಾಗಿಲು ಹಾಕಿಕೊಂಡೇ ಇರುತ್ತಿದ್ದ ಹುಡುಗಿ ಈಗ ಅಪ್ಪನ ಜೊತೆ ಮಾತಾಡುತ್ತಿದ್ದಾಳೆ. ಸೋತರೆ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

ಮೂವತ್ತನೇ ದಿನಕ್ಕೆ ಅವಳು ಆರಿಸಿದ್ದು ಬರೀ ಹೆಸರುಗಳೇ ತುಂಬಿದ ಅಧ್ಯಾಯ. ಇಂಥವನ ಮಗ ಇಂಥವನು, ಅವನ ಮಗ ಮತ್ತೊಬ್ಬನು.

"ಇದೇನೇ ಇದು, ಅಧ್ಯಾಯವೋ ಮತದಾರರ ಪಟ್ಟಿಯೋ?"

"ಬೈಬಲಲ್ಲಿ ಬೇಡದ ಮಾತು ಒಂದೂ ಇಲ್ಲ ಅಂತ ನೀವೇ ಹೇಳಿದ್ದು," ಎಂದು ಅವಳು ಚೀಲ ಹೆಗಲಿಗೇರಿಸಿ ನಡೆದಳು.

ಐದು ಮಹಡಿಯ ಆ ಕಟ್ಟಡದ ಲಿಫ್ಟು, ಪಂಪು, ಗೇಟು ಎಲ್ಲ ಮೇಸ್ತ್ರಿಯದೇ ಹೊಣೆ. ಕೆಳಗಿನ ಎರಡು ಕೋಣೆ ಅವನ ಸಂಸಾರಕ್ಕೆ. ಬೆಳಿಗ್ಗೆ ಪುಸ್ತಕ ತೆರೆದ ಕೂಡಲೇ ಚಿಕ್ಕವನು ಒಂದು ಪುಟವನ್ನು ಬಾಯಿಗೆ ಹಾಕಿಕೊಂಡ. ನಡುವಿನವಳು ಶೂ ಕಾಣುವುದಿಲ್ಲ ಎಂದು ಅತ್ತಳು. ಹೆಂಡತಿ ಒಳಗಿನಿಂದ, "ರೀ, ಆ ಪುಸ್ತಕ ಎಲ್ಲೂ ಓಡಿಹೋಗಲ್ಲ, ಹಾಲು ಉಕ್ಕಿ ಓಡ್ತಿದೆ!" ಎಂದಳು. ಮೇಸ್ತ್ರಿ ಹಲ್ಲು ಕಡಿದು, ಪುಸ್ತಕ ಕಂಕುಳಲ್ಲಿಟ್ಟು ಪಂಪ್ ಕೋಣೆಗೆ ನಡೆದ.

ಪಂಪ್ ಕೋಣೆಯಲ್ಲಿ ಎರಡು ಸಾಲು ಓದಿದ್ದನೋ ಇಲ್ಲವೋ, ನಾಲ್ಕನೇ ಮಹಡಿಯ ಅತ್ತೆಮ್ಮ ಇಣುಕಿದರು. ಯಾರಿಗೆ ಅತ್ತೆಯೋ ಯಾರಿಗೂ ತಿಳಿಯದು. ಕೇಳದೆ ಸಲಹೆ ಕೊಡುವುದರಿಂದ ಊರಿಗೇ ಅತ್ತೆಯಾಗಿದ್ದರು. ಅವನದೇ ಚರ್ಚಿನವರು ಬೇರೆ.

"ಬೈಬಲ್ ಓದ್ತಿದ್ದೀಯಾ? ಬಹಳ ಸಂತೋಷ. ಆದ್ರೆ ಹೀಗಲ್ಲಪ್ಪಾ ಓದೋದು. ಮೊದಲು ಪ್ರಾರ್ಥನೆ, ಆಮೇಲೆ ಓದು, ಆಮೇಲೆ ಟಿಪ್ಪಣಿ. ನಾನು ನಲವತ್ತು ವರ್ಷದಿಂದ..."

ನಲವತ್ತು ವರ್ಷದ ಕಥೆ ನಲವತ್ತು ನಿಮಿಷ ಹಿಡಿಯಿತು. ಮೇಸ್ತ್ರಿಯ ಕಿವಿ ಕಾದ ಕಾವಲಿಯಾಯಿತು. ಬಾಯಿ ಬಿಡುವಂತಿರಲಿಲ್ಲ. ಹೋದ ವಾರ ಯಾರ ಮೇಲೋ ಎಗರಾಡಿದ್ದಕ್ಕೆ ಕಟ್ಟಡದ ಕಾರ್ಯದರ್ಶಿ, "ಇನ್ನೊಂದು ದೂರು ಬಂದ್ರೆ ಕೆಲಸಾನೂ ಬಿಡಿ, ಮನೇನೂ ಖಾಲಿ ಮಾಡಿ" ಎಂದು ಬರೆದೇ ಕೊಟ್ಟಿದ್ದರು.

ಆಮೇಲೆ ಗೇಟು, ನಲ್ಲಿ, ಮತ್ತೆ ಗೇಟು. ಎರಡು ಗಂಟೆಗೆ ತಾರಸಿಯ ಯಂತ್ರದ ಕೋಣೆಗೆ ಹತ್ತಿದರೆ ಅಲ್ಲಿ ನೆರಳಿಗೆ ಕೂತಿದ್ದರು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು.

"ಏನಯ್ಯಾ, ಬೈಬಲ್ಲೇ? ಎಲ್ಲಿ, ಓದು ನೋಡೋಣ."

ಓದಿದ.

"ತಪ್ಪು. ಆ ಹೆಸರಲ್ಲಿ ದೀರ್ಘ ಇದೆ. ಇನ್ನೊಂದ್ಸಲ."

ಮೂರು ಹೆಸರಿಗೆ ಇಪ್ಪತ್ತು ನಿಮಿಷ. ಪುಸ್ತಕದಲ್ಲಿ ಇನ್ನೂ ಐವತ್ತು ಹೆಸರು ಸಾಲುಗಟ್ಟಿ ನಿಂತಿದ್ದವು, ತಿಂಗಳ ಕೊನೆಯ ರೇಷನ್ ಅಂಗಡಿಯಲ್ಲಿ ಜನ ನಿಂತ ಹಾಗೆ. ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು. ಓದಬೇಡ ಎನ್ನುವವರನ್ನಾದರೂ ಎದುರಿಸಬಹುದು, ಓದು ಓದು ಎಂದು ಮೈಮೇಲೆ ಬೀಳುವ ಈ ಜನರನ್ನು ಏನು ಮಾಡುವುದು? ಜಗತ್ತಿನಲ್ಲಿ ಒಬ್ಬ ಮನುಷ್ಯ ಒಂಟಿಯಾಗಿ ಕೂರಲು ಒಂದು ಮೊಳ ಜಾಗ ಇಲ್ಲವೇ?

ಇತ್ತು. ಅದು ಅವನೊಬ್ಬನಿಗೇ ಗೊತ್ತಿತ್ತು.

ಮೂರು ಗಂಟೆಗೆ ಐದನೇ ಮಹಡಿಗಿಳಿದು, ಜೇಬಿನ ಕೀಲಿಯಿಂದ ಲಿಫ್ಟಿನ ಬಾಗಿಲು ಸರಿಸಿದ. ಬಾಗಿಲು ತೆರೆದದ್ದೇ ತಡ, ಮೇಲೆ ಬರುತ್ತಿದ್ದ ಲಿಫ್ಟು ನಾಲ್ಕನೇ ಮಹಡಿಗೆ ಮೊಳದಷ್ಟು ಕೆಳಗೆ ಗಕ್ಕನೆ ನಿಂತಿತು. ನೆತ್ತಿಯ ಮೇಲೆ ಕಾಲಿಡುವ ಮುಂಚೆ 'ಒಳಗೆ ಯಾರಿದ್ದೀರಿ?' ಎಂದು ಕೂಗಿ ಕೇಳಬೇಕು. ಅದು ಕಸುಬಿನ ಮೊದಲ ಪಾಠ. ಕೋಪದಲ್ಲಿದ್ದವನಿಗೆ ಪಾಠ ಯಾವುದು, ಪಟ್ಟಿ ಯಾವುದು? ಲಿಫ್ಟಿನ ತಲೆಯ ಮೇಲಿಳಿದು, ಅದು ಕದಲದಂತೆ ಕೆಂಪು ಸ್ವಿಚ್ಚು ಒತ್ತಿ, ಬಾಗಿಲು ಎಳೆದುಕೊಂಡು, ಗ್ರೀಸ್ ಮೆತ್ತಿದ ಹಗ್ಗಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಹಣೆಗೆ ಟಾರ್ಚು. ಆಹಾ, ಏನು ಮೌನ!

ಮನಸ್ಸಿನಲ್ಲೇ ಓದಿದರೆ ಹೆಸರುಗಳು ಒಂದಕ್ಕೊಂದು ಗಂಟು ಬೀಳುತ್ತಿದ್ದವು. ಹಾಗಾಗಿ ಗಟ್ಟಿಯಾಗಿ ಓದತೊಡಗಿದ. ಲಿಫ್ಟಿನ ಬಾವಿ ಅವನ ದನಿಯನ್ನು ಎತ್ತಿಕೊಂಡು ಐದೂ ಮಹಡಿಗೆ ಹಂಚಿತು.

ಹತ್ತನೇ ಹೆಸರಿನ ಹೊತ್ತಿಗೆ ಮೇಲಿನ ಬಾಗಿಲ ಸಂದಿಯಿಂದ ಮೇಷ್ಟ್ರ ದನಿ ಇಳಿಯಿತು: "ಮತ್ತೆ ದೀರ್ಘ ನುಂಗಿದೆಯಲ್ಲಯ್ಯಾ!"

ನಾಲ್ಕನೇ ಮಹಡಿಯಿಂದ ಅತ್ತೆಮ್ಮ: "ಯಾಕಪ್ಪಾ ಅಷ್ಟು ಓಟ? ಅರ್ಥ ಮಾಡ್ಕೊಂಡು ಓದು!"

ಮೇಸ್ತ್ರಿ ದನಿ ಏರಿಸಿದ. ದೇವರ ವಾಕ್ಯ ಅಷ್ಟು ಸಿಟ್ಟಿನಲ್ಲಿ ಹಿಂದೆಂದೂ ಪಾರಾಯಣವಾಗಿರಲಿಕ್ಕಿಲ್ಲ. ಒಂದೊಂದು ಹೆಸರೂ ಬೈಗುಳದಂತೆ ಹೊರಬೀಳುತ್ತಿತ್ತು.

ಅಷ್ಟರಲ್ಲಿ ಕೆಳಗಿನಿಂದ ಕಾರ್ಯದರ್ಶಿ ಗರ್ಜಿಸಿದರು. "ಏನ್ರೀ ಮೇಸ್ತ್ರಿ! ಲಿಫ್ಟ್ ಕೆಟ್ಟಿದೆಯೋ, ನೀವೇ ನಿಲ್ಲಿಸಿದ್ದೀರೋ?"

"ಬಂದೆ ಸಾರ್, ಎರಡೇ ನಿಮಿಷ!"

"ಒಳಗೆ ಯಾರೋ ಇದ್ದಾರೆ ಕಣ್ರೀ!" ಅತ್ತೆಮ್ಮ ಕೂಗಿದರು. "ಈಗ ಕೆಮ್ಮಿದ್ರು! ನನ್ನ ಕಿವಿಯಾರೆ ಕೇಳಿದೆ!"

ಮೇಸ್ತ್ರಿ ಸ್ವಿಚ್ಚಿನತ್ತ ಕೈ ಚಾಚಿದ. ಜನ ಒಳಗಿರುವಾಗ ಬೇಕೆಂದೇ ಲಿಫ್ಟ್ ನಿಲ್ಲಿಸಿದ್ದು ಗೊತ್ತಾದರೆ ಕೆಲಸ ಒಂದೇ ಅಲ್ಲ, ಕಸುಬೇ ಹೋದಂತೆ. ಆದರೆ ಪುಟದ ಅರ್ಧ ಇನ್ನೂ ಬಾಕಿ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಒಂದು ಕಣ್ಣು ಸ್ವಿಚ್ಚಿನ ಮೇಲೆ, ಒಂದು ಕಣ್ಣು ಪುಟದ ಮೇಲೆ ಇಟ್ಟು, "ಅವನ ಮಗ ಅವನು, ಇವನ ಮಗ ಇವನು, ಹೀಗೇ ಎಲ್ಲರ ಮಕ್ಕಳೂ ಎಲ್ಲರೂ, ಆಮೆನ್!" ಎಂದು ಒಂದೇ ಉಸಿರಿಗೆ ಮುಗಿಸಿ, ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿದ.

ಲಿಫ್ಟನ್ನು ನಾಲ್ಕನೇ ಮಹಡಿಗೆ ಸರಿಯಾಗಿ ತಂದು, ಮೆಟ್ಟಿಲಿಳಿದು ಬರುವಾಗ ಅಲ್ಲಿ ಮೂವರೂ ಸೇರಿದ್ದರು. ಕಾರ್ಯದರ್ಶಿ ಏದುಸಿರು ಬಿಡುತ್ತಾ ಸೊಂಟದ ಮೇಲೆ ಕೈಯಿಟ್ಟಿದ್ದರು. ಮೇಸ್ತ್ರಿ ಗ್ರೀಸಿನ ಕೈಯಲ್ಲಿ ಬಾಗಿಲು ಸರಿಸಿದ.

ಒಳಗೆ ಶಾಲೆಯ ಚೀಲವನ್ನೇ ಮಣೆ ಮಾಡಿಕೊಂಡು ಕೂತಿದ್ದಳು ಹಿರಿಮಗಳು.

"ನೀನಾ! ಇಷ್ಟು ಬೇಗ?"

"ಟೀಚರ್‌ಗಳಿಗೆ ಮೀಟಿಂಗ್. ಬೇಗ ಬಿಟ್ರು. ನಿಮ್ಮನ್ನ ಹುಡುಕ್ಕೊಂಡು ಮೇಲೆ ಬರ್ತಿದ್ದೆ."

ಕಾರ್ಯದರ್ಶಿ ಅವಳ ಕಡೆ ಬಗ್ಗಿದರು. "ನಿಜ ಹೇಳಮ್ಮಾ. ಲಿಫ್ಟ್ ತಾನಾಗಿ ನಿಂತಿತೋ, ನಿಮ್ಮಪ್ಪ ನಿಲ್ಲಿಸಿದ್ರೋ?"

ಮಗಳು ಅಪ್ಪನ ಮುಖ ನೋಡಿದಳು. ಆ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ಕೆಟ್ಟು ನಿಂತಿತು ಅಂಕಲ್. ನಾನು ಹೆದರಬಾರದು ಅಂತ ಅಪ್ಪ ಬೈಬಲ್ ಓದ್ತಾ ರಿಪೇರಿ ಮಾಡಿದ್ರು."

ಕಾರ್ಯದರ್ಶಿಯ ಕೈ ಸೊಂಟದಿಂದ ಜಾರಿತು. ಅತ್ತೆಮ್ಮ ಸೆರಗಿನಲ್ಲಿ ಕಣ್ಣೊರೆಸಿದರು. "ಉಚ್ಚಾರಣೆ ಏನೇ ಇರಲಿ, ಭಕ್ತಿ ದೊಡ್ಡದು," ಎಂದು ಮೇಷ್ಟ್ರೂ ಒಪ್ಪಿದರು.

ಮನೆ ತಲುಪುವವರೆಗೆ ಮೇಸ್ತ್ರಿ ನೆಲದ ಮೇಲೆ ನಡೆಯಲಿಲ್ಲ. ಕೆಲಸ ಉಳಿಯಿತು, ಅಧ್ಯಾಯ ಮುಗಿಯಿತು, ಮಗಳು ತನ್ನ ಪಕ್ಷ. ಕುರ್ಚಿಯಲ್ಲಿ ಕೂತು ಮೀಸೆ ತಿರುವಿದ.

"ಹೂಂ, ಕೇಳು ನಿನ್ನ ಪ್ರಶ್ನೆ."

"ಕೇಳೋದೇನಿದೆ? ನೀವು ನಿಲ್ಲಿಸಿದಾಗ ಕೂಗೋಣ ಅಂತಿದ್ದೆ. ಅಷ್ಟರಲ್ಲಿ ಓದೋಕೆ ಶುರು ಮಾಡಿದ್ರಿ. ಪ್ರಶ್ನೆ ಹುಡುಕೋಕೆ ಅಂತ ಚೀಲದಲ್ಲಿಟ್ಟಿದ್ದ ನನ್ನ ಬೈಬಲ್ ತೆಗೆದು ಬೆರಳಿಟ್ಟು ನೋಡ್ತಾ ಕೂತೆ." ಅವಳು ಪುಟ ತೆರೆದು ತೋರಿಸಿದಳು. "ಇಲ್ಲಿಂದ ಇಲ್ಲೀವರೆಗೆ, ಇಪ್ಪತ್ತಾರು ಹೆಸರು ಬಿಟ್ರಿ. ಸೋತ್ರಿ ಅಪ್ಪಾ."

ಮೇಸ್ತ್ರಿ ಕುರ್ಚಿಯಿಂದ ಚಂಗನೆ ಎದ್ದ. ಬೆಳಿಗ್ಗೆಯಿಂದ ನುಂಗಿದ್ದ ಸಿಟ್ಟೆಲ್ಲ ಒಮ್ಮೆಗೇ ಬಾಯಿಗೆ ಬಂತು. "ಇಪ್ಪತ್ತಾರು ಹೆಸರಿಗೆ ಲೆಕ್ಕ ಇಡ್ತೀಯಾ? ಅಷ್ಟು ಜನರ ಮುಂದೆ ಬಾಯಿ ತುಂಬಾ ಸುಳ್ಳು ಹೇಳಿದೆಯಲ್ಲ, ಅದಕ್ಕೇನು? ಬೈಬಲ್ ಚೀಲದಲ್ಲಿಟ್ಕೊಂಡು ಸುಳ್ಳು! ಇದನ್ನೇನಾ ನಾನು ನಿನಗೆ ಕಲಿಸಿದ್ದು?"

ಮಗಳು ಬೈಬಲ್ ಮುಚ್ಚಿ ಪಕ್ಕಕ್ಕಿಟ್ಟಳು.

"ತಪ್ಪಾಯ್ತು ಅಪ್ಪಾ," ಎಂದಳು ತಗ್ಗಿದ ದನಿಯಲ್ಲಿ. ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದಳು. "ಕಾರ್ಯದರ್ಶಿ ಅಂಕಲ್ ಇನ್ನೂ ಮೇಲೇ ಇದ್ದಾರೆ. ಹೋಗಿ ನಿಜ ಹೇಳಿ ಬರ್ಲಾ?"

ಮೇಸ್ತ್ರಿಯ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಒಳಗೆ ಹೆಂಡತಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ಬೇಡ," ಎಂದ ಅವನು ಕೊನೆಗೆ, ಬೆಂದ ಗೆಣಸು ಗಂಟಲಲ್ಲಿ ಸಿಕ್ಕಿದವನ ಹಾಗೆ.

"ಹಾಗಾದ್ರೆ ಇಪ್ಪತ್ತೊಂದನೇ ಹೆಸರಿಂದ ಶುರು ಮಾಡಿ." ಅವಳು ಚಪ್ಪಲಿ ಬಿಚ್ಚದೆಯೇ ಎದುರು ಬಂದು ಕೂತು, ಕೆನ್ನೆಗೆ ಕೈ ಕೊಟ್ಟಳು. "ನಾಳೆಯಿಂದಲೂ ದಿನಾ ನೀವೇ ಓದಿ, ನಾನು ಕೇಳ್ತೀನಿ. ಮತ್ತೆ ಇನ್ನೊಂದು ಮಾತು..."

"ಏನು?" ಹಲ್ಲು ಕಚ್ಚಿಯೇ ಕೇಳಿದ.

"ಬೈಯೋ ದನಿಯಲ್ಲಿ ಬೇಡ ಅಪ್ಪಾ. ಆ ಹೆಸರಿನವರೇನು ಮಾಡಿದ್ರು, ಪಾಪ?"