ಹೊಸಕಟ್ಟೆಕೊಪ್ಪಲಿನ ನಾಟ ರಾಗ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಮಕ್ಕಳು ಸಂಗೀತದ ಮೂಲಕ ಓದಲು ಕಲಿತಿರುತ್ತಾರೆ ಎಂದು ಕಳೆದ ಜುಲೈ ತಿಂಗಳಲ್ಲಿ ಆದೇಶವಾಗಿದೆ. ಆದೇಶದ ದಿನಾಂಕದಿಂದಲೇ ಅವರು ಕಲಿತಿರುವುದಾಗಿ ಭಾವಿಸತಕ್ಕದ್ದು ಎಂದು ಅದರ ಎರಡನೇ ಕಂಡಿಕೆ ಹೇಳುತ್ತದೆ. ಇದಕ್ಕೆಲ್ಲ ಕಾರಣರಾದ ಶಿಕ್ಷಕಿ ಪ್ರಮೀಳಾ ಅವರ ಹೆಸರು ಆದೇಶದಲ್ಲಿಲ್ಲ. ಅದು ಮುಂದೆ ನೋಟೀಸಿನಲ್ಲಿ ಬರುತ್ತದೆ.

ಪ್ರಮೀಳಾ ಅವರದು ಹೊಸಕಟ್ಟೆಕೊಪ್ಪಲಿನ ಶಾಲೆ. ಚಿನಕುರಳಿಯಲ್ಲಿ ಬಸ್ಸಿಳಿದು, ಕಲ್ಲುಕೋರೆಯ ಟಿಪ್ಪರುಗಳು ಎಬ್ಬಿಸುವ ದೂಳಿನಲ್ಲಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅರ್ಧ ಗಂಟೆ ನಡೆದರೆ ಸಿಗುತ್ತದೆ. ಇಪ್ಪತ್ತಮೂರು ಮಕ್ಕಳು, ಒಬ್ಬರು ಶಿಕ್ಷಕಿ, ಬಿಸಿಯೂಟ ಮಾಡಲು ದ್ಯಾವಮ್ಮ. ಹನ್ನೊಂದು ವರ್ಷದಿಂದ ಪ್ರಮೀಳಾ ಅಲ್ಲಿಯೇ ಇದ್ದರು. ಬೇರೆ ಯಾರೂ ಆ ಜಾಗವನ್ನು ಕೇಳಿರಲಿಲ್ಲ.

ಅವರಿಗಿದ್ದ ಒಂದೇ ಚಿಂತೆ ಎಂದರೆ ಮೂರನೇ ತರಗತಿಯ ಚಿನ್ನು. ಹುಡುಗಿಗೆ ಅಕ್ಷರಗಳೆಲ್ಲ ಗೊತ್ತಿದ್ದವು. ಒಂದೊಂದಾಗಿ ತೋರಿಸಿದರೆ ಥಟ್ಟನೆ ಹೇಳುತ್ತಿದ್ದಳು. ನಾಲ್ಕು ಅಕ್ಷರ ಒಟ್ಟಿಗೆ ಬಂದರೆ ಮಾತ್ರ, ಮದುವೆ ಮನೆಯಲ್ಲಿ ಗುರುತು ಸಿಗದ ನೆಂಟರನ್ನು ನೋಡುವಂತೆ ಸುಮ್ಮನೆ ನೋಡುತ್ತಿದ್ದಳು. ಪ್ರಮೀಳಾ ಮುದ್ದಿನಿಂದ ಹೇಳಿದರು, ಗದರಿದರು, ಅಜ್ಜಿ ಪುಟ್ಟಲಕ್ಷ್ಮಮ್ಮನನ್ನು ಕರೆಸಿ ಮಾತಾಡಿದರು. ಅಜ್ಜಿ, "ಅವ್ಳಿಗೆ ಓದು ಅತ್ತಾಕಿಲ್ಲ ಬುಡಿ ಮಿಸ್ಸು, ನಂಗೂ ಅತ್ನಿಲ್ಲ" ಎಂದು ಹೇಳಿ ಹಸುವಿಗೆ ಹುಲ್ಲು ತರಲು ಹೋದರು.

ಒಂದು ದಿನ ಅಡುಗೆಕೋಣೆಯಲ್ಲಿ ದ್ಯಾವಮ್ಮ ಅಕ್ಕಿ ಆರಿಸುತ್ತ ಹಾಡು ಹೇಳಿಕೊಳ್ಳುತ್ತಿದ್ದರು. ಪ್ರಮೀಳಾ ನೋಡುತ್ತಾರೆ, ಚಿನ್ನುವಿನ ಬೆರಳು ಪುಸ್ತಕದ ಮೇಲೆ ಆ ಹಾಡಿನ ಲೆಕ್ಕಕ್ಕೆ ಚಲಿಸುತ್ತಿದೆ. ತಾಳದ ಒಂದೊಂದು ಪೆಟ್ಟಿಗೂ ಒಂದೊಂದು ಅಕ್ಷರ. ಹಾಡು ನಿಂತ ಕಡೆ ಬೆರಳೂ ನಿಲ್ಲುತ್ತಿತ್ತು, ಪದವೂ ಮುಗಿಯುತ್ತಿತ್ತು. "ಕೆರೆಯ, ಏರಿಯ, ಮೇಲೆ" ಎಂದು ಹುಡುಗಿ ತನ್ನಷ್ಟಕ್ಕೆ ಹೇಳಿದಳು. ಆಮೇಲೆ ತಾನೇ ಹೆದರಿ ಪುಸ್ತಕ ಮುಚ್ಚಿದಳು.

ಮಾರನೆಯ ದಿನದಿಂದ ಇಡೀ ಶಾಲೆ ಹಾಗೆಯೇ ಓದಿತು. ಗದ್ದೆಯಲ್ಲಿ ಒಂದೊಂದೇ ಪೈರು ಊರುವಂತೆ ಮಕ್ಕಳು ಒಂದೊಂದು ಅಕ್ಷರದ ಮೇಲೂ ಬೆರಳು ಊರಿ, ದ್ಯಾವಮ್ಮನ ಧಾಟಿಯಲ್ಲಿ ಪಾಠ ಹಾಡಿದರು. ಎರಡು ತಿಂಗಳಲ್ಲಿ ಚಿನ್ನು ಪುಸ್ತಕ ಮುಗಿಸಿ, ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಅಜ್ಜಿಯ ಆಯುರ್ವೇದ ಮಾತ್ರೆಯ ಡಬ್ಬಿ ಎಲ್ಲವನ್ನೂ ಓದತೊಡಗಿದಳು. ಮಾತ್ರೆಯ ವಾಯಿದೆ ಮುಗಿದಿರುವುದನ್ನು ಓದಿ ಹೇಳಿದ ದಿನ ಪುಟ್ಟಲಕ್ಷ್ಮಮ್ಮ ಶಾಲೆಗೆ ಬಂದು ಒಂದು ಚೊಂಬು ಹಾಲು ಇಟ್ಟು ಹೋದರು.

ಸುದ್ದಿ ಕೇಳಿ ಶಿಕ್ಷಣ ಇಲಾಖೆಯ ಕನಕರಾಜು ಅವರು ಬಂದರು. ಕಲಿಕೆಯ ಹೊಸ ಪ್ರಯೋಗಗಳನ್ನು ಗುರುತಿಸುವುದು ಅವರ ಕೆಲಸ. ಅವರ ನಮೂನೆಯಲ್ಲಿ "ಹೊಸ ಪ್ರಯೋಗ" ಎಂಬ ಅಂಕಣ ಎರಡು ವರ್ಷದಿಂದ ಖಾಲಿ ಇತ್ತು. ಕೆಟ್ಟವರಲ್ಲ. ಮಕ್ಕಳು ಓದುವುದನ್ನು ಕೇಳಿ ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಒರೆಸಿಕೊಂಡು ಪೆನ್ನು ತೆಗೆದರು.

"ಇದು ಯಾವ ರಾಗ ಮೇಡಂ?"

"ಗೊತ್ತಿಲ್ಲ ಸರ್. ದ್ಯಾವಮ್ಮನ ಹಾಡು."

ದ್ಯಾವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

"ರಾಗ ಗೀಗ ನಂಗೇನ್ ಗೊತ್ತು ಸ್ವಾಮಿ? ನಾಟಿ ಆಕೋವಾಗ ನಮ್ಮವ್ವ ಯೋಳೋಳು. ನಾಟಿದು."

ಕನಕರಾಜು "ರಾಗ: ನಾಟ" ಎಂದು ಬರೆದರು.

"ನಾಟಿ ಸರ್," ಎಂದರು ಪ್ರಮೀಳಾ.

"ಆಡುಮಾತಿನಲ್ಲಿ ನಾಟಿ ಮೇಡಂ. ಬರೆಯುವಾಗ ನಾಟ. ಶಾಸ್ತ್ರೀಯವಾಗಿಯೇ ಇದೆಯಲ್ಲ, ಒಳ್ಳೆಯದೇ ಆಯಿತು."

ಹೀಗೆ "ಗಾನವಾಚನ ಅಭಿಯಾನ" ಹುಟ್ಟಿತು. ಕೃಷ್ಣರಾಜಪೇಟೆಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಾಲ್ಕು ತಾಲ್ಲೂಕುಗಳ ಗಾನವಾಚನ ಅನುಷ್ಠಾನ ಕೋಶ ತೆರೆಯಿತು. ಕನಕರಾಜು ಅದರ ಸಂಯೋಜಕರಾದರು. ಎಲ್ಲ ಪಾಠಗಳನ್ನೂ ನಾಟ ರಾಗದಲ್ಲಿಯೇ ಓದಿಸತಕ್ಕದ್ದು ಎಂದು ಆದೇಶವಾಯಿತು. ಗಣಿತಕ್ಕೆ ಪ್ರತ್ಯೇಕ ರಾಗ ನಿಗದಿಯಾಗುವವರೆಗೆ ಮಗ್ಗಿಯನ್ನು ಮೌನವಾಗಿ ಹೇಳಿಸತಕ್ಕದ್ದು. ಕೆಮ್ಮು ನೆಗಡಿ ಇರುವ ಮಕ್ಕಳಿಗೆ ಆ ದಿನಗಳ ಮಟ್ಟಿಗೆ ಓದುವುದರಿಂದ ವಿನಾಯಿತಿ.

ಎಲ್ಲವನ್ನೂ ಪರಿಶೀಲಿಸಲು ಶ್ರೀರಂಗಪಟ್ಟಣದಿಂದ ವಯಸ್ಸಾದ ವಿದ್ವಾಂಸರೊಬ್ಬರನ್ನು ಕರೆಸಲಾಯಿತು. ಅವರು ಹೊಸಕಟ್ಟೆಕೊಪ್ಪಲಿಗೆ ಬಂದು, ಕಣ್ಣು ಮುಚ್ಚಿಕೊಂಡು ಮಕ್ಕಳ ಓದನ್ನು ಪೂರ್ತಿ ಕೇಳಿದರು. "ಇದು ನಾಟ ಅಲ್ಲ. ಆದರೆ ಎಷ್ಟು ಚೆನ್ನಾಗಿ ಓದುತ್ತಿದ್ದಾರೆ, ಹೀಗೇ ಬಿಟ್ಟುಬಿಡಿ," ಎಂದರು. ಅಭಿಪ್ರಾಯಕ್ಕೆ ನಮೂನೆಯಲ್ಲಿ ಒಂದೇ ಸಾಲು ಜಾಗ ಇದ್ದುದರಿಂದ ಮೊದಲನೆಯ ವಾಕ್ಯವನ್ನು ಮಾತ್ರ ಬರೆದುಕೊಳ್ಳಲಾಯಿತು.

ಮರುವಾರವೇ ಪ್ರಮೀಳಾ ಅವರಿಗೆ ನೋಟೀಸು ಬಂತು. "ತಾವು ದಾಖಲೆಯಲ್ಲಿರುವ ರಾಗವನ್ನು ಬಿಟ್ಟು ಅನ್ಯ ರಾಗದಲ್ಲಿ ಮಕ್ಕಳಿಗೆ ಓದು ಕಲಿಸಿರುವುದು ಸಾಬೀತಾಗಿದ್ದು, ಈ ಬಗ್ಗೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು."

ಪ್ರಮೀಳಾ ಎರಡು ಸಲ ಓದಿದರು. ಕಲಿಸಿಲ್ಲ ಎಂದು ಆಪಾದನೆ ಬಂದಿದ್ದರೆ ಉತ್ತರ ಬರೆಯುವುದು ಅವರಿಗೆ ಗೊತ್ತಿತ್ತು. ಕಲಿಸಿದ್ದಕ್ಕೆ ಹೇಗೆ ಬರೆಯುವುದೋ ತಿಳಿಯಲಿಲ್ಲ. ಶನಿವಾರ ಮಧ್ಯಾಹ್ನ ದ್ಯಾವಮ್ಮನನ್ನು ಜೊತೆಗೆ ಕರೆದುಕೊಂಡು ಕೃಷ್ಣರಾಜಪೇಟೆಯ ಬಸ್ಸು ಹತ್ತಿದರು. ದ್ಯಾವಮ್ಮ ಹೊಸ ಸೀರೆ ಉಟ್ಟುಕೊಂಡಿದ್ದರು. ಹಾಡು ಹೇಳಿಸುತ್ತಾರೆಂದು ಅವರ ಎಣಿಕೆ.

ಕನಕರಾಜು ಇಬ್ಬರಿಗೂ ಕುರ್ಚಿ ಹಾಕಿಸಿದರು, ಟೀ ತರಿಸಿದರು.

"ಸರ್, ರಾಗದ ಹೆಸರು ತಪ್ಪಾಗಿದೆ. ಅದನ್ನು ತಿದ್ದಿದರೆ ಮುಗಿಯಿತು," ಎಂದರು ಪ್ರಮೀಳಾ.

"ಮೇಡಂ, ಹೆಸರು ನಾಲ್ಕು ತಾಲ್ಲೂಕಿನ ಆದೇಶದಲ್ಲಿದೆ. ಹಾಡು ನಿಮ್ಮ ಒಂದು ಶಾಲೆಯಲ್ಲಿದೆ. ಯಾವುದನ್ನು ತಿದ್ದುವುದು ಸುಲಭ, ನೀವೇ ಹೇಳಿ."



"ಅಂಗಾರೆ ನನ್ ಆಡು ಬ್ಯಾಡ್ವಾ ಸ್ವಾಮಿ?" ಎಂದು ದ್ಯಾವಮ್ಮ ಕೇಳಿದರು.

"ಛೇ, ಹಾಗಲ್ಲಮ್ಮ. ನಿಮ್ಮ ಹಾಡಿನ ಮೇಲೆ ನಮಗೆ ತುಂಬಾ ಗೌರವ ಇದೆ. ಯೋಜನೆಗೆ ಮೂಲವೇ ಅದು. ಶಾಲೆಯ ಆವರಣದೊಳಗೆ ಹಾಡಬಾರದು, ಅಷ್ಟೇ."

ದ್ಯಾವಮ್ಮ ಟೀ ಕುಡಿದು ಮುಗಿಸಿದರು. ಸೋಮವಾರ ಮಕ್ಕಳ ಸಾರಿನ ಒಗ್ಗರಣೆ ಸೀದುಹೋಯಿತು. ಎಷ್ಟೋ ವರ್ಷದಿಂದ ಹಾಡು ಎರಡು ಸುತ್ತು ಮುಗಿಯುವಷ್ಟರಲ್ಲಿ ಸಾಸಿವೆ ಸಿಡಿದು ಬಾಣಲೆ ಇಳಿಸಬೇಕೆಂದು ಅವರಿಗೆ ಲೆಕ್ಕವಿತ್ತು. ಹಾಡಿಲ್ಲದೆ ಲೆಕ್ಕ ತಪ್ಪಿತು.

ಪ್ರಮೀಳಾ ಅವರನ್ನು ನಾಗಮಂಗಲಕ್ಕೆ ಐದು ದಿನದ ತರಬೇತಿಗೆ ಕಳಿಸಲಾಯಿತು. ಸಂಗೀತದಿಂದ ಓದು ಕಲಿಸುವುದು ಹೇಗೆ ಎಂಬ ವಿಷಯ. ಮೊದಲ ದಿನ ಪಾಠ ಮಾಡಿದವರು ಹೊಸಕಟ್ಟೆಕೊಪ್ಪಲು ಎಂಬ ಊರಿನ ಯಶಸ್ಸನ್ನು ಉದಾಹರಣೆಯಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಮೀಳಾ ಕೂಡ ತಟ್ಟಿದರು. ಕೊನೆಯ ದಿನ ಅವರಿಗೆ "ಸಾಧಾರಣ" ಎಂದು ದರ್ಜೆ ಬಂತು.

ಊರಿಗೆ ಬಂದು ಸರಿಯಾದ ನಾಟ ರಾಗದಲ್ಲಿ ಪಾಠ ಶುರು ಮಾಡಿದರು. ರಾಗ ಘನವಾಗಿತ್ತು. ಅದರದೇನೂ ತಪ್ಪಿರಲಿಲ್ಲ. ಆದರೆ ಒಂದೊಂದು ಅಕ್ಷರವನ್ನೂ ಎಳೆದು, ತಿರುಗಿಸಿ, ಮೇಲಕ್ಕೆ ಕೊಂಡೊಯ್ದು ಇಳಿಸುವಷ್ಟರಲ್ಲಿ ಮಕ್ಕಳಿಗೆ ಹಿಂದಿನ ಅಕ್ಷರ ಮರೆತುಹೋಗುತ್ತಿತ್ತು. ಕೊಕ್ಕರೆಯ "ರೆ" ಬರುವ ಹೊತ್ತಿಗೆ "ಕೊ" ಎಲ್ಲಿತ್ತೆಂದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಪುಸ್ತಕ ನೋಡಿದರೆ ರಾಗ ತಪ್ಪುತ್ತಿತ್ತು, ರಾಗ ಹಿಡಿದರೆ ಪುಸ್ತಕ ತಪ್ಪುತ್ತಿತ್ತು. ಪ್ರಮೀಳಾ ಇದನ್ನು ಕೋಶಕ್ಕೆ ಬರೆದರು. ಹದಿನೈದು ದಿನಗಳಲ್ಲಿ ಉತ್ತರ ಬಂತು. "ಓದುವಿಕೆಯು ಗಾನವಾಚನಕ್ಕೆ ಅಡ್ಡಿಯಾಗುತ್ತಿರುವುದು ಹಲವು ಶಾಲೆಗಳಿಂದ ಗಮನಕ್ಕೆ ಬಂದಿದೆ. ಆದ್ದರಿಂದ ಸದರಿ ಅವಧಿಯಲ್ಲಿ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು."

ಬೀಗ ಹಾಕಿದ ಮೇಲೆ ಮಕ್ಕಳು ತುಂಬ ಚೆನ್ನಾಗಿ ಹಾಡಿದರು. ಇದನ್ನು ಒಪ್ಪಿಕೊಳ್ಳಲೇಬೇಕು. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಉಳಿದ ಅವಧಿಗಳನ್ನೂ ಅಭ್ಯಾಸಕ್ಕೆ ಬಳಸಿಕೊಳ್ಳಲು ಅನುಮತಿ ಸಿಕ್ಕಿತು.

ಚಿನ್ನು ಮಾತ್ರ ಬೀಗದ ಕಡೆ ನೋಡುತ್ತ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಊಟವಾದ ಮೇಲೆ ಪ್ರಮೀಳಾ ಬೀರು ತೆಗೆದು, ಅವಳ ಕೈಗೊಂದು ಪುಸ್ತಕ ಕೊಟ್ಟು, ಗೇಟಿನ ಕಡೆ ಕಣ್ಣು ತೋರಿಸಿದರು. ಗೇಟಿನಾಚೆಯ ಮೋರಿ ಕಟ್ಟೆ ಶಾಲೆಯ ಆವರಣಕ್ಕೆ ಸೇರಿದ್ದಲ್ಲ. ಅಲ್ಲಿ ದ್ಯಾವಮ್ಮ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಅಂದಿನಿಂದ ಪ್ರತಿದಿನ ಅರ್ಧ ಗಂಟೆ ಅಲ್ಲಿ ಹಾಡೂ ಓದೂ ನಡೆಯಿತು. ಟಿಪ್ಪರು ಬಂದಾಗ ಇಬ್ಬರೂ ನಿಲ್ಲಿಸಿ, ದೂಳು ಇಳಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಉಳಿದ ಮಕ್ಕಳು ಆಟಕ್ಕೆ ಓಡುತ್ತಿದ್ದರು. ಅವರಿಗೆ ಪುಸ್ತಕದ ಅಗತ್ಯ ಉಳಿದಿರಲಿಲ್ಲ.

ಮಾರ್ಚಿನಲ್ಲಿ ಮೌಲ್ಯಮಾಪನಕ್ಕೆ ಕನಕರಾಜು ಬಂದರು. ಫೋಟೋದಲ್ಲಿ ಓದುವ ಸಾಮಗ್ರಿ ಕಾಣಲೇಬೇಕಾದ್ದರಿಂದ ಕೋಶದಿಂದಲೇ ಒಂದು ದೊಡ್ಡ ಪಾಠದ ಹಾಳೆ ತಂದು ಗೋಡೆಗೆ ಹಾಕಿಸಿದರು. ಮಕ್ಕಳು ಸಾಲಾಗಿ ನಿಂತು, ಹಾಳೆಯ ಕಡೆ ಮುಖ ಮಾಡಿ, ನಾಟ ರಾಗದಲ್ಲಿ ಗಂಭೀರವಾಗಿ ಎತ್ತಿಕೊಂಡರು. "ಕೆರೆಯ ಏರಿಯ ಮೇಲೆ ಕೊಕ್ಕರೆ ನಿಂತಿತ್ತು."

ನಡುವೆ ಒಂದು ಸಣ್ಣ ದನಿ ಬೇರೆ ಧಾಟಿಯಲ್ಲಿ ಹೋಗುತ್ತಿತ್ತು. "ಬಾವಿಯ ಕಟ್ಟೆಯ ಮೇಲೆ ಬೆಕ್ಕು ಮಲಗಿತ್ತು."

ಕನಕರಾಜು ಕೈ ಎತ್ತಿ ನಿಲ್ಲಿಸಿದರು. "ಯಾರೋ ಒಬ್ಬರು ತಪ್ಪು ಹೇಳುತ್ತಿದ್ದಾರೆ."

ಪ್ರಮೀಳಾ ಗೋಡೆಯ ಕಡೆ ನೋಡಿದರು. ಹಾಳೆ ಬೇರೆ ಪಾಠದ್ದು. ಬಾವಿ, ಕಟ್ಟೆ, ಬೆಕ್ಕು, ಎಲ್ಲ ಇತ್ತು. ಕೊಕ್ಕರೆ ಎಲ್ಲಿಯೂ ಇರಲಿಲ್ಲ.

"ಸರ್, ಚಿನ್ನು ಅಲ್ಲಿರುವುದನ್ನು ಓದುತ್ತಿದ್ದಾಳೆ," ಎಂದರು. "ಅವಳೊಬ್ಬಳೇ ಓದುತ್ತಿದ್ದಾಳೆ."

ಕನಕರಾಜು ಹಾಳೆಯನ್ನು ನಿಧಾನವಾಗಿ ಓದಿಕೊಂಡರು. ಆಮೇಲೆ ಪ್ರಮೀಳಾ ಅವರನ್ನು ಪಕ್ಕಕ್ಕೆ ಕರೆದು ಮೃದುವಾಗಿ ಹೇಳಿದರು. "ಓದಿದಳು ಮೇಡಂ, ನಾನೂ ಕೇಳಿದೆ. ಆದರೆ ರಾಗದಲ್ಲಿ ಓದಲಿಲ್ಲ. ರಾಗದಲ್ಲಿ ಓದದವರನ್ನು ಓದಿದವರು ಎಂದು ಬರೆಯಲು ಅಂಕಣ ಇಲ್ಲ."

"ಉಳಿದ ಇಪ್ಪತ್ತೆರಡು ಮಕ್ಕಳು?"

"ಅವರು ತೇರ್ಗಡೆ. ಇವಳೊಬ್ಬಳನ್ನು ಪಟ್ಟಿಗೆ ಹಾಕಿ ನೀವು ಸಹಿ ಮಾಡದಿದ್ದರೆ ಅವರ ಫಲಿತಾಂಶವೂ ನಿಲ್ಲುತ್ತದೆ. ಯೋಚನೆ ಮಾಡಿ."

ಪ್ರಮೀಳಾ ಯೋಚನೆ ಮಾಡಿದರು. ಕಿಟಕಿಯಾಚೆ ಪುಟ್ಟಲಕ್ಷ್ಮಮ್ಮನೂ ಇನ್ನು ಕೆಲವು ಪೋಷಕರೂ ಬಂದು ನಿಂತಿದ್ದರು. ಎಲ್ಲರ ಮಕ್ಕಳೂ ಒಳಗಿದ್ದರು. ಕನಕರಾಜು ಮೇಜಿನ ಮೇಲೆ ನಮೂನೆ ಹರಡಿ ಒಂದು ಹೆಸರು ಬರೆದು, ಪೆನ್ನನ್ನು ಅವರ ಕಡೆ ಚಾಚಿದರು. ಪ್ರಮೀಳಾ ಪೆನ್ನು ತೆಗೆದುಕೊಂಡರು.

ಮೇಜಿನ ಆಚೆ ಬದಿಗೆ ಚಿನ್ನು ಬಂದು ನಿಂತಿದ್ದಳು. ನಮೂನೆ ಅವಳಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಆದರೂ ಬೆರಳಿಟ್ಟು, ಬಾಯಲ್ಲಿಯೇ ಧಾಟಿ ಹಿಡಿದು, ಒಂದೊಂದೇ ಅಕ್ಷರ ಊರುತ್ತ ಬಂದಳು.

"ಓದಲು ಬಾರದ ಮಕ್ಕಳ ಪಟ್ಟಿ," ಎಂದು ಓದಿದಳು. "ಮಿಸ್, ಇದ್ರಾಗೆ ನನ್ ಎಸ್ರು ಐತೆ."

"ಹೌದು ಚಿನ್ನು," ಎಂದರು ಪ್ರಮೀಳಾ.

"ತಪ್ ಬರ್ದವ್ರೆ ಮಿಸ್. ಚಿನು ಅಂತ ಐತೆ. ನ ಒತ್ತು ಬುಟ್ಟೋಗೈತೆ."

ಕನಕರಾಜು ಕನ್ನಡಕ ಹಾಕಿಕೊಂಡು ನೋಡಿದರು. ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ದಾಖಲೆಯಲ್ಲಿ ಹೆಸರು ತಪ್ಪಾದರೆ ಮುಂದೆ ಬಹಳ ತೊಂದರೆಯಾಗುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವಳ ಬೆನ್ನು ತಟ್ಟಿ, ಒತ್ತಕ್ಷರ ಸೇರಿಸಿ, ತಿದ್ದುಪಡಿಯ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಕಿಟಕಿಯಾಚೆ ನಿಂತ ಪೋಷಕರೂ ತಲೆಯಾಡಿಸಿದರು. ಪ್ರಮೀಳಾ ಕೆಳಗೆ ದೊಡ್ಡ ಸಹಿ ಹಾಕಿದರು.

ಚಿನ್ನು ಇನ್ನೊಂದು ಸಲ ಬೆರಳಿಟ್ಟು ಓದಿ ನೋಡಿದಳು.

"ಈಗ ಸರಿ ಐತೆ ಮಿಸ್," ಎಂದಳು.