ಮೌನಕ್ಕೊಂದು ಪೀಪಿ

ನನಗೂ ನನ್ನ ಹೆಂಡತಿ ಚಾಂದ್ ಬೀಗೂ ಮದುವೆಯಾದ ದಿನದಿಂದ ಇರುವುದು ಒಂದೇ ಜಗಳ. ಬೇರೆ ಗಂಡ ಹೆಂಡಿರು ದಿನಕ್ಕೊಂದು ಹೊಸ ಜಗಳ ಹುಡುಕಿಕೊಂಡು ಒದ್ದಾಡುತ್ತಾರೆ. ನಮಗೆ ಆ ಕಷ್ಟವಿಲ್ಲ. ನಮ್ಮದು ಹತ್ತಿಯ ಜಗಳ.

ದೊಡ್ಡಬಳ್ಳಾಪುರದ ಪೇಟೆಯಲ್ಲಿ ನನ್ನದು ಹಾಸಿಗೆ ದಿಂಬಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹತ್ತಿ ಹಿಂಜುವ ಮಿಷನ್. ನಮ್ಮಪ್ಪ ಬಿಲ್ಲು ಹಿಡಿದು ಹಿಂಜುತ್ತಿದ್ದರು. ನಾನು ಮಿಷನ್ ತಂದು ಆಧುನಿಕ ಯುಗಕ್ಕೆ ಪಾದಾರ್ಪಣೆ ಮಾಡಿದೆ. ಅದು ಓಡುವಾಗ ಏಳುವ ಧೂಳು ಅಂಗಡಿಯಲ್ಲಿ ನಿಲ್ಲುವುದಿಲ್ಲ. ಅಡುಗೆಮನೆಗೂ ಹೋಗಿ ಕ್ಷೇಮಸಮಾಚಾರ ವಿಚಾರಿಸಿಕೊಂಡು ಬರುತ್ತದೆ. ನಮ್ಮ ಮನೆಯ ಬೆಕ್ಕು ಕಪ್ಪು ಬಣ್ಣದ್ದು ಎಂಬುದು ನಮಗೆ ತಿಳಿದದ್ದೇ ಒಂದು ರಂಜಾನ್ ಹಬ್ಬಕ್ಕೆ ಮಿಷನ್ ನಿಲ್ಲಿಸಿದಾಗ.

ಹತ್ತಿ ಹತ್ತಿರ ಸುಳಿದರೆ ಸಾಕು, ಚಾಂದ್ ಬೀಗೆ ಮೈ ಹತ್ತಿ ಉರಿಯುತ್ತದೆ.

"ರೀ, ಆ ಮಿಷನ್ ಹೊರಗ್ ಹಾಕ್ರೀ. ಅಫ್ಸರ್ ಹೇಳ್ತಾವ್ನೆ, ಫೋಮ್ ಹಾಸಿಗೆ ತಂದು ಇಟ್ಕೊಳ್ಳಿ ಅಂತ. ಧೂಳಿಲ್ಲ, ಕೆಮ್ಮಿಲ್ಲ."

(ಅಫ್ಸರ್ ಅವಳ ತಮ್ಮ. ಹೊಸಕೋಟೆಯಲ್ಲಿ ಫೋಮ್ ಹಾಸಿಗೆಯ ಏಜೆನ್ಸಿ ಇಟ್ಟುಕೊಂಡಿದ್ದಾನೆ. ಅವನ ಸಲಹೆಯಲ್ಲಿ ಸ್ವಾರ್ಥವಿಲ್ಲ ಎಂದು ಅವನೇ ಹೇಳಿದ್ದಾನೆ.)

"ಫೋಮಾ? ಅದರ ಮೇಲೆ ಮಲಗಿದೋನು ಬೆಳಗಾಗೋದ್ರೊಳಗೆ ಇಡ್ಲಿ ಥರ ಬೆಂದಿರ್ತಾನೆ ಕಣೇ! ಹತ್ತಿ ಅಂದ್ರೆ ಏನ್ ಅಂದ್ಕೊಂಡಿದೀಯ? ಹತ್ತಿ ಅಂದ್ರೆ..."

ಇಷ್ಟು ಹೊತ್ತಿಗೆ ಕೆಮ್ಮು ಬಂದು ನನ್ನ ವಾದವನ್ನು ಮುಕ್ತಾಯಗೊಳಿಸುತ್ತಿತ್ತು.

ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಜಗಳ ಮಾತ್ರ ಕನ್ನಡದಲ್ಲಿ. ಇದು ಚಾಂದ್ ಬೀ ಮಾಡಿಕೊಂಡಿರುವ ಏರ್ಪಾಡು. ಎದುರು ಮನೆಯ ಲಕ್ಷ್ಮೀದೇವಮ್ಮನವರಿಗೆ ಅರ್ಥವಾಗದಿದ್ದರೆ ಜಗಳವಾಡಿ ಏನು ಬಂತು?

ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅಂಗಡಿಯ ಶಟರ್ ಎತ್ತಲು ಹೋದವನು ಅದಕ್ಕೇ ಒರಗಿ ಕೂತುಬಿಟ್ಟೆ. ಉಸಿರು ಬಾಗಿಲಿನವರೆಗೆ ಬಂದು, ಒಳಗೆ ಬರಲೋ ಬೇಡವೋ ಎಂದು ಹೊಸ ಅಳಿಯನ ಹಾಗೆ ನಿಂತಿತ್ತು. ಮಗಳು ಸಿದ್ರಾ ಆಟೋ ಕರೆದಳು. ಆಸ್ಪತ್ರೆಯಲ್ಲಿ ಮಲಗಿಸಿದರು. ಅಲ್ಲಿದ್ದಷ್ಟು ದಿನವೂ ಚಾಂದ್ ಬೀ ಒಂದೇ ಒಂದು ಜಗಳವಾಡಲಿಲ್ಲ. ಮಂಚದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನನ್ನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ಕೂತಿರುತ್ತಿದ್ದಳು. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಮನೆಗೆ ಕಳಿಸುವ ದಿನ ಡಾಕ್ಟರ್ ಸಂಘಮಿತ್ರ (ಚಿಕ್ಕ ವಯಸ್ಸು, ದೊಡ್ಡ ಕನ್ನಡಕ) ನನ್ನ ಕೈಗೆ ಒಂದು ವಸ್ತು ಕೊಟ್ಟರು. ಅಂಗೈಯಗಲದ, ಹೊಗೆ ಸೇದುವ ಪೈಪಿನಂಥ ಪ್ಲಾಸ್ಟಿಕ್ ಕೊಳವೆ. ತಲೆಯ ಮೇಲೆ ತೂತುತೂತಿನ ಟೋಪಿ, ಟೋಪಿಯೊಳಗೆ ಒಂದು ಉಕ್ಕಿನ ಗುಂಡು.

"ಪಾಷಾ ಅವ್ರೇ, ಎದೆಯೊಳಗೆ ಕಫ ಅಂಟ್ಕೊಂಡು ಕೂತಿದೆ. ನೀವು ಇದನ್ನ ಊದಿದ್ರೆ ಗುಂಡು ಕುಣಿಯುತ್ತೆ. ಹೊರಗ್ ಹೋಗೋ ಗಾಳಿ ತಡೆದು ತಡೆದು ಹೋಗುತ್ತೆ, ಎದೆ ಒಳಗೆಲ್ಲ ನಡುಗುತ್ತೆ, ಕಫ ಸಡಿಲ ಆಗುತ್ತೆ. ಬೇರೇನಿಲ್ಲ, ನಿಮ್ಮ ಉಸಿರೇ ನಿಮಗೆ ಔಷಧಿ."

ಊದಿದೆ. ಗುರ್ರ್ರ್ ಎಂದು ನಡುಕ ಗಂಟಲಿನಿಂದ ಹೊಟ್ಟೆಯವರೆಗೂ ಇಳಿಯಿತು. ಹಳೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗಾಯಿತು.

"ಬೆನ್ನು ನೆಟ್ಟಗಿರ್ಲಿ. ಕೆನ್ನೆ ಉಬ್ಬಿಸ್ಬೇಡಿ. ಮುಖ ಸ್ವಲ್ಪ ಮೇಲಕ್ಕೆ, ಸ್ವಲ್ಪ ಕೆಳಕ್ಕೆ ಮಾಡಿ ನೋಡಿ, ಎದೆ ಚೆನ್ನಾಗಿ ನಡುಗೋ ಜಾಗ ಸಿಗುತ್ತೆ. ಊದೋವಾಗ ಮಾತಾಡ್ಬಾರ್ದು. ಮುಖ್ಯವಾಗಿ, ಹತ್ತಿ ಧೂಳಿಂದ ದೂರ ಇರ್ಬೇಕು."

ಕೊನೆಯ ವಾಕ್ಯವನ್ನು ತಾನೇ ಬರೆದುಕೊಟ್ಟವಳ ಹಾಗೆ ಚಾಂದ್ ಬೀ ನನ್ನತ್ತ ನೋಡಿದಳು. ನಾನು ಅದರ ಹಿಂದಿನ ವಾಕ್ಯವನ್ನು ಮಾತ್ರ ಜೋಪಾನವಾಗಿ ಮನೆಗೆ ತಂದೆ.

ಆ ಕೊಳವೆಗೆ ನಾನು ಪೀಪಿ ಎಂದು ಹೆಸರಿಟ್ಟೆ. ಅದರ ನಿಜವಾದ ಮಹಿಮೆ ತಿಳಿದದ್ದು ಅದೇ ವಾರ. ಚಹಾ ಲೋಟ ನನ್ನ ಮುಂದಿಟ್ಟು ಚಾಂದ್ ಬೀ ಶುರುಮಾಡಿದಳು.

"ಡಾಕ್ಟರಮ್ಮ ಹೇಳಿದ್ ಕೇಳಿಸ್ತಲ್ಲ? ಇನ್ನಾದ್ರೂ ಆ ಮಿಷನ್..."

ಥಟ್ಟನೆ ಪೀಪಿಯನ್ನು ಬಾಯಿಗಿಟ್ಟುಕೊಂಡೆ. ಒಂದು ಬೆರಳು ಮೇಲೆತ್ತಿದೆ. ಗುರ್ರ್ರ್.

ಏನಾಶ್ಚರ್ಯ! ಚಾಂದ್ ಬೀ ದನಿ ಇಳಿಸಿದಳು. "ಸರಿ ಸರಿ, ನೀವು ಊದಿ. ನಾನು ಹೇಳ್ತೀನಿ, ಕೇಳಿಸ್ಕೊಳ್ಳಿ ಸಾಕು." ಅವಳು ಹೇಳಿದಳು. ನಾನು ಊದಿದೆ. ಅವಳ ಮಾತು ಮುಗಿಯಿತು, ನನ್ನ ಊದುವಿಕೆ ಮುಗಿಯಲಿಲ್ಲ. ಕೊನೆಗೆ ಅವಳೇ ಎದ್ದು ಸಮಾಧಾನದಿಂದ ಒಳಗೆ ಹೋದಳು. ಅವಳ ಮಾತಿಗೆ ನಾನು ತುಟಿ ಪಿಟಕ್ಕೆನ್ನದೆ, ಕೆಮ್ಮದೆ, ಸೋಲದೆ ಪಾರಾದ ಮೊದಲ ಜಗಳ ಅದು. ಪೀಪಿಯನ್ನು ತೊಳೆದು, ಒರೆಸಿ, ಕಣ್ಣಿಗೊತ್ತಿಕೊಂಡೆ.

ಅಂದಿನಿಂದ ನನ್ನಂಥ ನಿಷ್ಠಾವಂತ ರೋಗಿ ಕರ್ನಾಟಕದಲ್ಲೇ ಇರಲಿಲ್ಲ. ಡಾಕ್ಟರು ಹೇಳಿದ ಹೊತ್ತಿಗೆ ಊದುವುದಂತೂ ಸರಿಯೇ. ಗೇಟಿನ ಸದ್ದಾದರೆ ಊದಿದೆ, "ರೀ" ಎಂಬ ಶಬ್ದ ಕೇಳಿದರೆ ಊದಿದೆ. (ಒಮ್ಮೆ ಅವಸರದಲ್ಲಿ ಊದಿ ತಲೆ ಸುತ್ತಿ ದಿಂಬಿನ ರಾಶಿಯ ಮೇಲೆ ಬಿದ್ದೆ. ಹತ್ತಿ ದಿಂಬು, ಆದ್ದರಿಂದ ಬದುಕಿದೆ.) ಜೇಬಿನಲ್ಲಿ ಮೊಬೈಲ್ ಇಲ್ಲದೆ ಹೊರಟೇನು, ಪೀಪಿ ಇಲ್ಲದೆ ಹೊರಡುತ್ತಿರಲಿಲ್ಲ.

ಒಂದು ಭಾನುವಾರ ಅಫ್ಸರ್ ಬಂದ. ಬರುವಾಗಲೇ ಫೋಮಿನ ಒಂದು ತುಂಡು ತಂದಿದ್ದ.

"ಭಾಯ್, ಒತ್ತಿ ನೋಡಿ! ಹೆಂಗ್ ಮೇಲಕ್ ಬರುತ್ತೆ ನೋಡಿ! ನಿಮ್ಮಂಗಡೀಲಿ ಇದನ್ನ ಇಟ್ರೆ ಸೋಂಪುರದ ಫ್ಯಾಕ್ಟ್ರಿ ಹುಡುಗ್ರೆಲ್ಲ ಇಲ್ಲೇ ಬಂದು ತಗೊಂಡ್ ಹೋಗ್ತಾರೆ. ಮಾಲು ನಾನ್ ಕಳಿಸ್ತೀನಿ. ಏನಂತೀರಿ?"

ಗುರ್ರ್ರ್. ಆ ದಿನ ಎದೆ ನಡುಗುವ ಜಾಗ ಬೇಗ ಸಿಗದೆ ಮುಖವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಾ ಊದುತ್ತಿದ್ದೆ. ಅಫ್ಸರ್ ನನ್ನನ್ನೇ ನೋಡಿದ. ಅವನ ಮುಖ ಅರಳಿತು. ನನ್ನ ಕೈ ಹಿಡಿದು ಕುಲುಕಿ, ಫೋಮಿನ ತುಂಡನ್ನು ನನ್ನ ತೊಡೆಯ ಮೇಲೇ ಬಿಟ್ಟು ಹೋದ. ಪರವಾಗಿಲ್ಲ, ಸೋತರೂ ಮರ್ಯಾದೆಯಿಂದ ಸೋತ ಎಂದುಕೊಂಡೆ.

ಸಿದ್ರಾಳೂ ಒಂದು ಸಂಜೆ ಪಕ್ಕದಲ್ಲಿ ಕೂತು ಏನೋ ಹೇಳಿದಳು. ಅವಳು ಬಿ.ಕಾಂ. ಮುಗಿಸಿದ್ದಾಳೆ, ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಯಾವುದೋ ಕೆಲಸವಂತೆ, ಕಂಪನಿಯ ವ್ಯಾನ್ ಮನೆ ಹತ್ತಿರವೇ ಬರುತ್ತದಂತೆ, ಸೇರಿಕೊಳ್ಳಲಾ ಅಬ್ಬಾ (ಅಂದರೆ ಅಪ್ಪಾ) ಎಂದಳು. ಇಂಥ ಗಹನವಾದ ವಿಷಯವನ್ನು ಅವಸರದಲ್ಲಿ ತೀರ್ಮಾನಿಸಬಾರದೆಂದು ನಾನು ಮೇಲಕ್ಕೂ ಕೆಳಕ್ಕೂ ನೋಡುತ್ತಾ ಊದಿದೆ. ಅವಳು ನನ್ನ ಕೆನ್ನೆಗೆ ಮುತ್ತು ಕೊಟ್ಟು ಓಡಿದಳು. ಮಕ್ಕಳಿಗೆ ತಂದೆಯ ಆರೋಗ್ಯದ ಮೇಲೆ ಎಷ್ಟು ಪ್ರೀತಿ!

ಈ ನಡುವೆ ಒಂದು ಅನಾಹುತವಾಯಿತು. ನನಗೆ ವಾಸಿಯಾಗತೊಡಗಿತು.

ಮೊದಲು ಕಫ ಸಡಿಲವಾಗಿ ಬಂತು. ಆಮೇಲೆ ರಾತ್ರಿ ಕೆಮ್ಮಿ ಏಳದೆ ಒಂದೇ ಸಮನೆ ನಿದ್ದೆ ಬರತೊಡಗಿತು. ಟೆಂಪೋ ಪಿಳ್ಳಣ್ಣನ ಮಹಡಿ ಮನೆಗೆ ಒಂದು ಹಾಸಿಗೆ ಹೊತ್ತುಕೊಂಡು ಹೋದವನು, ಮೇಲೆ ತಲುಪಿದ ಮೇಲೆ, ನಡುವೆ ಎಲ್ಲೂ ಕೂರಲೇ ಇಲ್ಲವಲ್ಲ ಎಂದು ನೆನಪಾಗಿ ಅಲ್ಲೇ ನಿಂತುಬಿಟ್ಟೆ. ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಉಸಿರು ಯಾರ ಅಪ್ಪಣೆಗೂ ಕಾಯದೆ ಬಂದು ಹೋಗುತ್ತಿತ್ತು. ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ಹೊಳೆಯಿತು: ಕೆಮ್ಮು ಹೋದರೆ ಪೀಪಿ ಹೋಯಿತು, ಪೀಪಿ ಹೋದರೆ ಮಿಷನ್ ಹೋಯಿತು!

ಮಾರನೆಯ ದಿನದಿಂದ ನಾನು ಕೆಮ್ಮನ್ನು ಕೈಯಾರೆ ತಯಾರಿಸತೊಡಗಿದೆ. ಚಾಂದ್ ಬೀ ಹಾದುಹೋದಾಗಲೆಲ್ಲ ಎರಡು ಕೆಮ್ಮು. ನೆಂಟರು ಬಂದರೆ ನಾಲ್ಕು. ಅವಳು ಪ್ರತಿ ಸಲವೂ ನಿಂತು ತಿರುಗಿ ನೋಡುತ್ತಿದ್ದಳು. ಆ ನೋಟ ಅಷ್ಟು ಚೆನ್ನಾಗಿರಲಿಲ್ಲ, ಆಸ್ಪತ್ರೆಯ ಸ್ಟೂಲಿನ ಮೇಲಿನದ್ದೇ ನೋಟ. ನಾನು ಬೇರೆ ಕಡೆ ಮುಖ ತಿರುಗಿಸಿ ಊದುತ್ತಿದ್ದೆ.

ಹೀಗಿರಲು ಸೂಲಿಬೆಲೆಯ ಒಂದು ಮದುವೆ ಮನೆಗೆ ಹಾಸಿಗೆ ಇಳಿಸಲು ಹೋಗಿದ್ದೆ. ಊಟ ಮುಗಿಸಿ ಮಧ್ಯಾಹ್ನ ವಾಪಸು ಬಂದರೆ ನಮ್ಮ ಬೀದಿ ನಮ್ಮ ಬೀದಿಯ ಹಾಗಿರಲಿಲ್ಲ. ಅಂಗಡಿಯ ಮುಂದೆ ಪಿಳ್ಳಣ್ಣನ ಟೆಂಪೋ. ಟೆಂಪೋದ ಮೇಲೆ ಹಗ್ಗ ಬಿಗಿಸಿಕೊಂಡು, ಹರಕೆಯ ಕುರಿಯ ಹಾಗೆ ಕೂತಿರುವ ನನ್ನ ಮಿಷನ್! ಗೋಡೆಗಳಿಗೆ ಗುಲಾಬಿ ಬಣ್ಣ. ಒಳಗೆ ಪ್ಲಾಸ್ಟಿಕ್ ಹೊದ್ದು ಸಾಲಾಗಿ ನಿಂತ ಫೋಮ್ ಹಾಸಿಗೆಗಳು. ಅವುಗಳ ನಡುವೆ ಮದುಮಗನ ಹಾಗೆ ಅಫ್ಸರ್.

"ಏನಿದು? ಎಲ್ಲಿಗ್ ತಗೊಂಡ್ ಹೋಗ್ತಾ ಇದೀಯ ಪಿಳ್ಳಣ್ಣಾ?"

"ಗುಜರಿಗೆ ಸಾಬ್ರೇ. ನೀವೇ ಒಪ್ಕೊಂಡ್ರಂತಲ್ಲ!"

"ನಾನಾ? ಯಾವಾಗ?"

ಚಾಂದ್ ಬೀ ಸೊಂಟಕ್ಕೆ ಕೈಯಿಟ್ಟು ಹೊರಗೆ ಬಂದಳು. ಕನ್ನಡದಲ್ಲೇ ಶುರುಮಾಡಿದಳು. "ಯಾವಾಗ ಅಂತ ಕೇಳ್ತೀರಾ? ಮಿಷನ್ ತೆಗೀಲಾ ಅಂದೆ, ತಲೆ ಆಡಿಸಿದ್ರಿ. ಗೋಡೆಗೆ ಗುಲಾಬಿ ಬಣ್ಣ ಹೊಡಿಸ್ಲಾ ಅಂದೆ, ತಲೆ ಆಡಿಸಿದ್ರಿ. ಇಷ್ಟು ವರ್ಷಕ್ಕೆ ನನ್ ಮಾತ್ ಕೇಳೋ ಬುದ್ಧಿ ಬಂತಲ್ಲ ಅಂತ ನಾನು ದರ್ಗಾಕ್ಕೆ ಹೋಗಿ ಸಕ್ಕರೆ ಹಂಚ್ಕೊಂಡ್ ಬಂದೀನಿ!"

"ಅದು ತಲೆ ಆಡಿಸಿದ್ದಲ್ಲ ಕಣೇ, ಎದೆ ನಡುಗೋ ಜಾಗ ಹುಡುಕ್ತಾ ಇದ್ದೆ!"

"ಸುಳ್ಯಾಕ್ ಹೇಳ್ತೀರಿ ಸಾಬ್ರೇ?" ಎದುರು ಮನೆಯ ಜಗಲಿಯಿಂದ ಲಕ್ಷ್ಮೀದೇವಮ್ಮನವರ ಸಾಕ್ಷಿ ಬಂತು. "ನಾನೇ ಕಣ್ಣಾರೆ ನೋಡಿದ್ನಲ್ಲ. ಹೂಂ ಹೂಂ ಅಂತ ಕೋಲೆಬಸವನ ಹಂಗೆ ತಲೆ ಹಾಕ್ತಿದ್ರಿ."

"ಅಬ್ಬಾ, ನನಗೂ ಹೂಂ ಅಂದ್ರಿ," ಎಂದಳು ಸಿದ್ರಾ, ಗಾಬರಿಯಿಂದ. "ನಾನು ಸೋಮವಾರದಿಂದ ಕೆಲಸಕ್ಕೆ ಹೋಗ್ಬೇಕು. ಕಾರ್ಡ್ ಕೂಡ ಬಂದಿದೆ." ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡನ್ನು ಎತ್ತಿ ತೋರಿಸಿದಳು. ಅದರಲ್ಲಿ ಅವಳ ಫೋಟೋ ನಗುತ್ತಿತ್ತು. (ಅದಕ್ಕೆ ಮಾತ್ರ ನನ್ನ ಮನಸ್ಸೂ ಹೂಂ ಎಂದಿತು. ಆದರೆ ಕೋಪದ ನಡುವೆ ಹೇಳುವುದು ಹೇಗೆ?)

ನನ್ನ ಸಹನೆ ಮುಗಿಯಿತು. ಪೀಪಿಯನ್ನು ಜೇಬಿಗೆ ತುರುಕಿ, ಟೆಂಪೋದ ಹಿಂಬದಿಯ ಹಲಗೆಯ ಮೇಲೆ ಹತ್ತಿ ನಿಂತೆ.

"ಕೇಳ್ರಯ್ಯಾ ಎಲ್ರೂ! ಈ ಮುನಾವರ್ ಪಾಷಾ ಬದುಕಿರೋವರ್ಗೂ ಈ ಅಂಗಡಿಗೆ ಫೋಮ್ ಕಾಲಿಡೋ ಹಂಗಿಲ್ಲ! ನಮ್ಮಪ್ಪ ಹಿಂಜಿದ ಹತ್ತಿ ಮೇಲೆ ಈ ಊರಿನ ಅರ್ಧ ಜನ ಹುಟ್ಟವ್ರೆ, ಇನ್ನರ್ಧ ಜನ ನಾನ್ ಹಿಂಜಿದ ಹತ್ತಿ ಮೇಲೆ ಗೊರಕೆ ಹೊಡೀತಾವ್ರೆ, ಒತ್ತಿದ್ರೆ ಮೇಲಕ್ಕೆ ಬರೋ ಹಾಸಿಗೆ ತಗೊಂಡು ಏನ್ ಮಾಡೋಣ, ಮನುಷ್ಯ ಮಲಗೋದು ಕೆಳಕ್ಕೆ ಹೋಗೋಕೋ ಮೇಲಕ್ಕೆ ಬರೋಕೋ, ಇಳಿಸ್ರೋ ನನ್ನ ಮಿಷನ್ನ, ಇಳಿಸಿ ಎಲ್ಲಿತ್ತೋ ಅಲ್ಲೇ ಇಡ್ರೋ!"

ಪಿಳ್ಳಣ್ಣ ಬಾಯಿ ತೆರೆದು ನಿಂತಿದ್ದ. ಬಣ್ಣ ಹೊಡೆಯುವವನ ಬ್ರಷ್ ಗಾಳಿಯಲ್ಲೇ ನಿಂತಿತ್ತು. ಆಹಾ, ಗಂಡಸಿನ ಮಾತೆಂದರೆ ಇದು ಎಂದು ನನಗೇ ರೋಮಾಂಚನವಾಯಿತು.

ಚಾಂದ್ ಬೀ ನಿಧಾನವಾಗಿ ಹಿಂದಕ್ಕೆ ಸರಿದು ಒಂದು ಫೋಮ್ ಹಾಸಿಗೆಯ ಮೇಲೆ ಕುಸಿದು ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಬೈದದ್ದು ಜಾಸ್ತಿಯಾಯಿತೇ?

"ರೀ," ಎಂದಳು, ಮೆಲ್ಲಗೆ, ದಖನಿಯಲ್ಲಿ, ಲಕ್ಷ್ಮೀದೇವಮ್ಮನವರಿಗೆ ಅರ್ಥವಾಗದ ಹಾಗೆ. "ನೀವು ಕೆಮ್ಮಲಿಲ್ಲ."

ಕೋಪದಲ್ಲಿ ಕೆಮ್ಮುವುದನ್ನೇ ಮರೆತಿದ್ದೆ!

"ಇನ್ನೊಂದ್ಸಲ ಹೇಳ್ರೀ," ಎಂದಳು, ಈಗ ಕನ್ನಡದಲ್ಲಿ, ಜೋರಾಗಿ. "ಲಕ್ಷ್ಮೀದೇವಕ್ಕಾ, ಹತ್ರ ಬನ್ನಿ, ಕೇಳಿ! ಸಿದ್ರಾ, ಫೋನ್ ತೆಗೀ, ಡಾಕ್ಟರಮ್ಮಂಗೆ ಕಳಿಸೋಣ!"

"ನಾನ್ ಹೇಳಿದ್ ವಿಷಯ ಏನಂದ್ರೆ..."

"ವಿಷಯ ಇರ್ಲಿ, ಮೊದಲು ಹೇಳ್ರೀ! ಆ ಅಪ್ಪ ಹಿಂಜಿದ ಹತ್ತಿ ಅನ್ನೋದ್ರಿಂದ!"

ನಾನು ಹೇಳಿದೆ. ಸಿದ್ರಾ ಫೋನ್ ಹಿಡಿದಳು. ಎಲ್ಲರೂ ನನ್ನ ಮಾತನ್ನಲ್ಲ, ಎದೆಯನ್ನು ನೋಡುತ್ತಿದ್ದರು. ಮುಗಿದಾಗ ಲಕ್ಷ್ಮೀದೇವಮ್ಮ "ಅಬ್ಬಬ್ಬಾ, ಏನ್ ದಮ್ಮು!" ಎಂದು ದೃಷ್ಟಿ ತೆಗೆದರು. ಅಫ್ಸರ್ ಚಪ್ಪಾಳೆ ಹೊಡೆದ. ಆ ಚಪ್ಪಾಳೆಯ ಸದ್ದಿನ ನಡುವೆ ನಾನು ಹಲಗೆಯಿಂದ ಕೆಳಗಿಳಿದೆ. ಪಿಳ್ಳಣ್ಣ ಇದೇ ಸಮಯವೆಂದು ಟೆಂಪೋ ಸ್ಟಾರ್ಟ್ ಮಾಡಿದ. ಮಿಷನ್ ಬೀದಿಯ ತಿರುವಿನಲ್ಲಿ ಒಮ್ಮೆ ಕುಲುಕಿ ಮರೆಯಾಯಿತು.

ವಿಡಿಯೋ ನೋಡಿದ ಡಾಕ್ಟರ್ ಸಂಘಮಿತ್ರ ಸಿದ್ರಾಗೆ ಫೋನ್ ಮಾಡಿ, ಪೀಪಿ ನಿಲ್ಲಿಸಬೇಡಿ, ಹೀಗೇ ನಡೆಯಲಿ ಎಂದರಂತೆ. ಹತ್ತಿಯ ವಿಷಯದಲ್ಲಿ ನಾನು ಮಂಡಿಸಿದ ವಾದದ ಬಗ್ಗೆ ಅವರೂ ಏನೂ ಹೇಳಲಿಲ್ಲ.

ಚಾಂದ್ ಬೀ ಮಾತ್ರ ಕಣ್ಣೊರೆಸಿಕೊಂಡು, ಹೊಸ ಅಂಗಡಿಯನ್ನು ಒಮ್ಮೆ, ನನ್ನನ್ನು ಒಮ್ಮೆ ಅಳೆದು ನೋಡಿ ತೀರ್ಪು ಕೊಟ್ಟಳು: "ಇಷ್ಟು ದಮ್ಮು ಇಟ್ಕೊಂಡು ಒಳಗ್ಯಾಕ್ರೀ ಕೂರ್ತೀರಿ? ಹೊರಗ್ ನಿಂತು ಗಿರಾಕಿ ಕರೀರಿ."

ಈಗ ಸಂಜೆಯಾದರೆ ಗುಲಾಬಿ ಗೋಡೆಯ ಮುಂದೆ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, "ಬನ್ನಿ ಬನ್ನಿ, ಒತ್ತಿ ನೋಡಿ, ಫೋಮ್ ಹಾಸಿಗೆ!" ಎಂದು ಕೂಗುತ್ತೇನೆ. ಏರ್‌ಪೋರ್ಟ್ ವ್ಯಾನಿನಿಂದ ಇಳಿಯುವ ಸಿದ್ರಾ ಹೇಳುತ್ತಾಳೆ, ಅದು ಬಸ್ ಸ್ಟ್ಯಾಂಡಿನವರೆಗೂ ಸ್ಪಷ್ಟವಾಗಿ ಕೇಳಿಸುತ್ತದಂತೆ.