ಭಾನುವಾರ ಸಾಯುವವರ ಚೆಂಡು-ದಾಂಡು

ನಾನು ಬಾಯಿ ತೆರೆದರೆ ಏನಾದರೊಂದು ಆಗಿಯೇ ಆಗುತ್ತದೆ. ಆಟೋದವರಿಗೆ ಎಡಕ್ಕೆ ಅನ್ನುವ ಬದಲು ಬಲಕ್ಕೆ ಅಂದು ಊರೆಲ್ಲ ಸುತ್ತಿದ್ದೇನೆ. ಸತ್ಯನಾರಾಯಣ ಪೂಜೆಗೆ ಕರೆಯಲು ಬಂದವರಿಗೆ ‘ಥ್ಯಾಂಕ್ಸ್, ನಿಮಗೂ’ ಅಂದಿದ್ದೇನೆ. ಓದಿದ್ದು ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ಕನ್ನಡ. ಎರಡರ ನಡುವೆ ಸಿಕ್ಕಿಕೊಂಡವಳು ಸುಮ್ಮನಿರುವುದೇ ಕ್ಷೇಮ ಅಂತ ಬೇಗ ಕಲಿತೆ. ಆದರೆ ಶಂಕರಪುರದಲ್ಲಿ ಸುಮ್ಮನಿರುವವರನ್ನೂ ಬಿಡುವುದಿಲ್ಲ. ಯಾರ ಪರವಾಗಿಯೂ ಮಾತಾಡದ ಹುಡುಗಿ ಅಂತ ನನ್ನನ್ನೇ ಅಂಪೈರ್ ಮಾಡಿದರು.

ಆಟದ ಹೆಸರು ಚೆಂಡು-ದಾಂಡು. ಸೀಬೆಮರದ ಒಂದು ಕೋಲು, ಬಟ್ಟೆ ಸುತ್ತಿದ ಒಂದು ಚೆಂಡು, ಎರಡು ತಂಡ. ಒಬ್ಬರು ಹೊಡೆಯುವುದು, ಎದುರಿನವರು ಹಿಡಿಯುವುದು. ನನ್ನ ತಾತ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯ ಹಿಂದಿನ ಬಯಲಲ್ಲಿ ದಿನಾ ಆಡುತ್ತಿದ್ದರಂತೆ. ಆಮೇಲೆ ಕ್ರಿಕೆಟ್ ಬಂತು, ಬಯಲಿಗೆ ಮನೆ ಬಂತು, ಮನೆ ಕೆಡವಿ ಅಪಾರ್ಟ್‌ಮೆಂಟ್ ಬಂತು, ಆಟ ನಿಂತೇ ಹೋಯಿತು. ಉಳಿದಿದ್ದು ಮದುವೆ ಛತ್ರದ ಹಿಂದಿನ ಒಂದು ತುಂಡು ಜಾಗ. ನಾಲ್ಕೂ ಕಡೆ ಕಟ್ಟಡ, ನಡುವೆ ಅದೊಂದು ದ್ವೀಪ. ಈ ಆಷಾಢದಲ್ಲಿ, ಮದುವೆಗಳಿಲ್ಲದೆ ಛತ್ರ ಖಾಲಿ ಹೊಡೆಯುತ್ತಿದ್ದಾಗ, ತಾತ ಅದರ ಮ್ಯಾನೇಜರ್ ಬೆನ್ನು ಬಿದ್ದು ಭಾನುವಾರ ಬೆಳಗಿನ ಹೊತ್ತಿಗೆ ಆ ಜಾಗ ಗಿಟ್ಟಿಸಿದರು. ಒಂದೇ ಒಂದು ಕಂಪ್ಲೇಂಟ್ ಬಂದರೂ ಗೇಟಿಗೆ ಬೀಗ ಅಂತ ಮ್ಯಾನೇಜರ್ ಮೊದಲೇ ಹೇಳಿದ್ದರು.

ಆ ಬೀಗ ಬೀಳಬಾರದು ಅಂತ ನಮ್ಮೆಲ್ಲರಿಗಿಂತ ಹೆಚ್ಚು ಬೇಡಿಕೊಂಡವರು, ಆಟವನ್ನು ಒಂದು ದಿನವೂ ನೋಡದ ನನ್ನ ಅಜ್ಜಿ. ಮಂಡಿ ಆಪರೇಷನ್ ಆದಮೇಲೆ ತಾತ ಮನೆ ಬಿಟ್ಟು ಕದಲುತ್ತಿರಲಿಲ್ಲ. ಕುರ್ಚಿಯನ್ನು ಅಡುಗೆಮನೆ ಬಾಗಿಲಿಗೆ ಎಳೆದುಕೊಂಡು, ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕು ಅಂತ ಅಜ್ಜಿಗೆ ಹೇಳಿಕೊಡುತ್ತಿದ್ದರು. ಜೀವಮಾನದಲ್ಲಿ ತಾವಾಗಿ ಒಂದು ಲೋಟ ಕಾಫಿ ಬೆರೆಸಿಕೊಂಡವರಲ್ಲ. ಆಟ ಶುರುವಾದ ಮೇಲೆ ವಾರವಿಡೀ ಅದರದ್ದೇ ಓಡಾಟ: ಕೋಲು ಕೆತ್ತುವುದು, ಆಟಗಾರರನ್ನು ಹಿಡಿದು ತರುವುದು, ಅವರ ಜತೆ ಜಗಳ ಆಡುವುದು.

“ಆ ಜಾಗ ಹೋದ್ರೆ ಇವರು ವಾಪಸ್ ನನ್ನ ಅಡುಗೆಮನೆಗೆ ಬರ್ತಾರೆ ಕಣೇ,” ಅಂತ ಅಜ್ಜಿ ನನ್ನ ಕೈ ಹಿಡಿದುಕೊಂಡರು. “ನೀನು ಅಂಪೈರೋ ಏನೋ, ಹೇಗಾದ್ರೂ ಮಾಡಿ ಉಳಿಸು.”

ಚೆಂಡು ಎಷ್ಟು ದಪ್ಪ

ಎದುರು ತಂಡದ ಕ್ಯಾಪ್ಟನ್ ಪಕ್ಕದ ಬೀದಿಯ ಬ್ಯಾಂಕ್ ಅಂಕಲ್. ತಾತನ ಜತೆ ಓದಿದವರು. ರಿಟೈರಾಗಿ ಬಹಳ ವರ್ಷವಾಯಿತು, ಆದರೂ ಮದುವೆ ಕರೆಯೋಲೆಯನ್ನು ಕೂಡ ತಿರುಗಿಸಿ ಹಿಂದೆ ಏನು ಬರೆದಿದೆ ಅಂತ ನೋಡುತ್ತಾರೆ. ಅವರ ತಂಡದ ಬಲ ಬಳೆ ಗೌಡರು. ಬಳೇಪೇಟೆಯಲ್ಲಿ ಹೋಲ್‌ಸೇಲ್ ಬಳೆ ಅಂಗಡಿ, ಹಳ್ಳಿಯ ಮೈಕಟ್ಟು, ಕೈಗಾಡಿಗಳ ಗದ್ದಲದ ಮೇಲೆ ಕೂಗಿ ಪಳಗಿದ ಗಂಟಲು.

ಮೊದಲ ಜಗಳ ಚೆಂಡಿನದು. ಮೂಸಂಬಿಯಷ್ಟಿರಬೇಕು ಅಂತ ತಾತ. ನಿಂಬೆಹಣ್ಣಿನಷ್ಟು ಅಂತ ಬ್ಯಾಂಕ್ ಅಂಕಲ್. ನಮ್ಮೂರಲ್ಲಿ ತೆಂಗಿನಕಾಯಷ್ಟಿರ್ತಿತ್ತು ಸ್ವಾಮಿ ಅಂತ ಗೌಡರು. ತಾತ ತಮ್ಮ ಹಳೇ ಪಂಚೆ ಸುತ್ತಿ ದಪ್ಪ ಮಾಡುವುದು, ಬ್ಯಾಂಕ್ ಅಂಕಲ್ ಅದನ್ನು ಮನೆಗೆ ಒಯ್ದು ಬಿಚ್ಚಿ ಸಣ್ಣ ಮಾಡುವುದು, ಗೌಡರು ಅಂಗಡಿಯಿಂದ ಹುರಿ ತಂದು ಮತ್ತೆ ಸುತ್ತುವುದು. ಹೀಗೇ ಕೈಯಿಂದ ಕೈಗೆ ಓಡಾಡಿ, ಚೆಂಡಿನ ಗಂಟು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲದಂತಾಯಿತು.

ಮೊದಲ ಹೊಡೆತ ತಾತನದೇ. ಚೆಂಡು ಮೇಲೆ ಹಾರಿತು, ಹಾರುತ್ತಾ ಬಿಚ್ಚಿಕೊಂಡಿತು, ಹಿಂದೆ ಉದ್ದಕ್ಕೂ ಪಂಚೆ. ಆ ತುದಿಯ ಗಂಟನ್ನು ಗೌಡರು ಹಿಡಿದರು. ಈ ತುದಿಯ ಅಂಚು ತಾತನ ಕಾಲಿಗೆ ಸುತ್ತಿಕೊಂಡಿತ್ತು. ಕ್ಯಾಚ್ ಹೌದೋ ಅಲ್ಲವೋ ಅಂತ ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಜೀವನದ ಮೊದಲ ತೀರ್ಪು ಕೊಟ್ಟೆ. ಒಗೆಯೋಕೆ ಹಾಕಿ ಅಂದೆ.

ಯಾವಾಗಮ್ಮ?

ಕ್ಯಾಚ್ ಹಿಡಿದರೆ ‘ಔಟ್’ ಅನ್ನುವಂತಿಲ್ಲ, ಅದು ಕ್ರಿಕೆಟ್‌ನ ಎಂಜಲು ಅಂತ ತಾತನ ಕಟ್ಟಪ್ಪಣೆ. ಈ ಆಟದಲ್ಲಿ ಕ್ಯಾಚ್ ಕೊಟ್ಟವನು ಸತ್ತ. ಸತ್ತವನು ಬೇವಿನ ಮರದ ಕೆಳಗೆ ಕೂರಬೇಕು. ತನ್ನ ತಂಡದವರು ಯಾರಾದರೂ ಚೆಂಡನ್ನು ಹಿಂದಿನ ಗೋಡೆಗೆ ಮುಟ್ಟಿಸಿದರೆ ಅವನಿಗೆ ಜೀವ ಬರುತ್ತದೆ, ಮತ್ತೆ ಆಡಬಹುದು. ‘ಸತ್ತೆ’ ಅನ್ನುವುದು ಆಗ ಹುಡುಗರು ಹುಡುಗರಿಗೆ ಹೇಳಿಕೊಳ್ಳುತ್ತಿದ್ದ ಮಾತು. ಈಗ ಆಡುವವರಲ್ಲಿ ಬಹಳ ಜನಕ್ಕೆ ಮೊಮ್ಮಕ್ಕಳಿದ್ದಾರೆ, ಒಬ್ಬರ ಎದೆಯಲ್ಲಿ ಸ್ಟೆಂಟ್ ಇದೆ. ಹೇಳಬೇಕಾದವಳು ನಾನು.

ಬ್ಯಾಂಕ್ ಅಂಕಲ್ ಹೊಡೆದ ಚೆಂಡು ನೇರ ತಾತನ ಕೈಗೆ ಬಂತು. ಎಲ್ಲರೂ ಕಾಯುತ್ತಿದ್ದಾರೆ. ದೊಡ್ಡವರಿಗೆ ‘ನೀನು ಸತ್ತೆ’ ಅನ್ನಲಾಗದು. ‘ಸತ್ತಿರಿ’ ಅಂದರೂ ಬೈದ ಹಾಗೆ ಕೇಳುತ್ತದೆ. ಮರ್ಯಾದೆಯ ಮಾತು ಯಾವುದು ಅಂತ ತಡಕಾಡಿದೆ. ಪೇಪರಿನ ಶ್ರದ್ಧಾಂಜಲಿ ಪುಟ ನೆನಪಾಯಿತು. ಹತ್ತಿರ ಹೋಗಿ, ಕೈ ಕಟ್ಟಿಕೊಂಡು, ಅಂಕಲ್, ತಾವು ನಿಧನರಾಗಿದ್ದೀರಿ ಅಂದೆ.

ಅವರು ಕೋಲು ಕೆಳಗಿಟ್ಟು ಕನ್ನಡಕ ಸರಿ ಮಾಡಿಕೊಂಡರು.

“ಯಾವಾಗಮ್ಮ?”

ಈಗ ತಾನೇ ಅಂಕಲ್, ಅಂದೆ.

ಕೊತ್ತಂಬರಿ

ಆಡುವಾಗ ಎಲ್ಲರ ಫೋನುಗಳೂ ನನ್ನ ಚೀಲದಲ್ಲಿ. ಒಂದು ಭಾನುವಾರ ಬ್ಯಾಂಕ್ ಅಂಕಲ್ ಫೋನ್ ಬಿಡದೆ ಹೊಡೆದುಕೊಳ್ಳುತ್ತಿತ್ತು. ತೆಗೆದರೆ ಅವರ ಹೆಂಡತಿ. ಎಲ್ಲಿ ಇವರು ಅಂತ ಕೇಳಿದರು. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಮೊದಲೇ ನಡುಕ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ಅಂಕಲ್ ಆಗಲೇ ಸತ್ತುಹೋದ್ರು ಆಂಟಿ. ಮರದ ಕೆಳಗೆ ಕೂರಿಸಿದೀವಿ.”

ಹೇಳಿದ ಮೇಲೆ ನಾನೇನು ಹೇಳಿದೆ ಅಂತ ನನಗೇ ಕೇಳಿಸಿತು. ಆಂಟಿಗೆ ಬಿಪಿ ಇದೆ ಅಂತ ಗೊತ್ತು. ಆಂಟಿ ಆಂಟಿ ಅಂತ ತೊದಲುತ್ತಿದ್ದೆ. ಅವರು ಒಂದು ನಿಟ್ಟುಸಿರು ಬಿಟ್ಟರು.

“ಇಷ್ಟು ಬೇಗಾನಾ? ಸರಿ, ಹೇಗೂ ಸುಮ್ನೆ ಕೂತಿದ್ದಾರಲ್ಲ, ಕೊತ್ತಂಬರಿ ಸೊಪ್ಪು ತಂದ್ಬಿಡೋಕೆ ಹೇಳು. ಆಮೇಲೆ ಜೀವ ಬಂದ್ರೆ ತರಲ್ಲ.”

ದೊಡ್ಡೋರು ಹೋದ್ರಂತೆ

ಶ್ರಾವಣ ಬಂತು, ಛತ್ರಕ್ಕೆ ಮದುವೆಗಳೂ ಬಂದವು. ಮುಂದೆ ಮದುವೆ, ಹಿಂದೆ ಆಟ, ನಡುವೆ ಒಂದು ಗೋಡೆ. ಮೊದಲ ಮದುವೆಯ ದಿನ ತಾತ ಎತ್ತಿ ಹೊಡೆದರು, ಗೌಡರು ಓಡಿ ಹಿಡಿದರು. ಹಿಡಿದ ಖುಷಿಗೆ ನನ್ನ ಮೆಲುದನಿಗೆ ಕಾಯದೆ ತಾವೇ ಕೂಗಿದರು.

“ಸತ್ರು, ದೊಡ್ಡೋರು ಸತ್ರು.”

ಒಳಗೆ ಆಗ ತಾನೇ ಓಲಗ ನಿಂತಿತ್ತಂತೆ.

ಮ್ಯಾನೇಜರ್ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಗಂಡಿನ ಕಡೆಯಲ್ಲಿ ನಿಜಕ್ಕೂ ಒಬ್ಬರು ದೊಡ್ಡವರಿದ್ದರು, ರೂಮಿನಲ್ಲಿ ಮಲಗಿದ್ದರು. ಅವರನ್ನು ಅಲ್ಲಾಡಿಸಿ ಎಬ್ಬಿಸಿ ಎಲ್ಲರಿಗೂ ತೋರಿಸಿದ ಮೇಲೇ ಶಾಸ್ತ್ರ ಮುಂದುವರಿದದ್ದು. ಈ ಸಲ ಹೇಗೋ ಸಮಾಧಾನ ಮಾಡಿದೀನಿ, ಇನ್ನೊಂದು ಸಲ ಆ ಪದ ಕೇಳಿಸಿದರೆ ಬೀಗವೇ ಅಂದರು.

ಮನೆಗೆ ಬಂದು ಹೇಳಿದರೆ ಅಜ್ಜಿ ಅಡುಗೆಮನೆ ಬಾಗಿಲಲ್ಲಿ ಕೈಚಾಚಿ ನಿಂತುಬಿಟ್ಟರು, ತಾತ ಆಗಲೇ ಕುರ್ಚಿ ತರುತ್ತಿದ್ದಾರೋ ಅನ್ನುವ ಹಾಗೆ.

ಸಂಜೆ ನಮ್ಮ ಜಗುಲಿಯಲ್ಲಿ ಮೀಟಿಂಗ್. ‘ಔಟ್’ ಅನ್ನೋಣ ಅಂದರೆ ತಾತ ಒಪ್ಪುವುದಿಲ್ಲ. ‘ಹೋದ’ ಅಂದರೂ ಅದೇ ಅರ್ಥ. ‘ಮುಗೀತು’ ಅಂದರೆ ಇನ್ನೂ ಕೆಟ್ಟದ್ದು. ಗೌಡರು ತಮ್ಮ ಅಂಗಡಿಯ ಪದ್ಧತಿ ಹೇಳಿದರು. ಅಲ್ಲಿ ಬಳೆ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತಾರೆ. ಹಾಗೇ ಕ್ಯಾಚ್ ಕೊಟ್ಟವರು ‘ಹೆಚ್ಚಾದ್ರು’ ಅಂದರೆ ಆಯಿತಲ್ಲ ಅಂದರು. ಅದನ್ನ ನನ್ನ ಹೆಂಡತಿ ಮನೇಲಿ ದಿನಾ ಹೇಳ್ತಾಳೆ, ಇಲ್ಲೂ ಬೇಡ ಅಂತ ಬ್ಯಾಂಕ್ ಅಂಕಲ್ ತಳ್ಳಿಹಾಕಿದರು.

ನಾನು ಮೂಲೆಯಲ್ಲಿದ್ದೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅಂದರೆ ಅಜ್ಜಿ ಬೈಯುತ್ತಾರೆ, ‘ಹೋಗಿ ಬರ್ತೀನಿ’ ಅನ್ನಬೇಕು. ಈ ಆಟದಲ್ಲೂ ಹೋದವರು ಬಂದೇ ಬರುತ್ತಾರಲ್ಲ. ‘ಹೋಗಿ ಬನ್ನಿ’ ಅಂದರೆ ಆಗಲ್ವಾ ಅಂತ ಮೆಲ್ಲಗೆ ಕೇಳಿದೆ. ಎಲ್ಲರೂ ಒಮ್ಮೆಲೇ ಒಪ್ಪಿದ್ದು ಈ ಆಟದ ಚರಿತ್ರೆಯಲ್ಲಿ ಅದೊಂದೇ.

ಬ್ಯಾಂಕ್ ಅಂಕಲ್ ಬಹಳ ಮೆಚ್ಚಿದರು. “ಸಾಲ ಕೇಳೋಕೆ ಬಂದೋರಿಗೆಲ್ಲ ನಾನು ಇದನ್ನೇ ಹೇಳ್ತಿದ್ದೆ. ಯಾರೂ ಸತ್ತೆ ಅಂತ ತಿಳ್ಕೊಳ್ಳಲೇ ಇಲ್ಲ ನೋಡಿ.”

ಕಾಶಿಯಾತ್ರೆ

ಮುಂದಿನ ಮದುವೆಯ ದಿನ ಮ್ಯಾನೇಜರ್ ಬೆಳಗ್ಗೆಯೇ ಬೀಗ ಕೈಯಲ್ಲಿ ಹಿಡಿದು ಹಿಂದಿನ ಗೇಟಿನಲ್ಲಿ ನಿಂತಿದ್ದರು. ಗೌಡರಿಗೆ ಬಾಯಿ ಬಿಡದಂತೆ ಅಪ್ಪಣೆಯಾಗಿತ್ತು. ಕೂಗುವ ಕೆಲಸ ಪೂರಾ ನನ್ನದು, ನನ್ನ ಧ್ವನಿ ಪಕ್ಕದವರಿಗೇ ಕೇಳುವುದಿಲ್ಲ ಅನ್ನುವ ಧೈರ್ಯದಿಂದ. ಬ್ಯಾಂಕ್ ಅಂಕಲ್ ಸದ್ದಿಲ್ಲದೆ ಹೋಗಿ ಬಂದರು. ಇನ್ನಿಬ್ಬರು ಹೋಗಿ ಬಂದರು. ಮ್ಯಾನೇಜರ್ ಸ್ಟೂಲ್ ತರಿಸಿಕೊಂಡು ಕೂತರು.

ಆಮೇಲೆ ತಾತ ಕೋಲು ಹಿಡಿದರು. ಎತ್ತಿ ಹೊಡೆದರು, ಗೌಡರು ತಲೆಯ ಮೇಲೆ ಹಿಡಿದರು. ಹೋಗಿ ಬನ್ನಿ ತಾತ ಅಂದೆ. ತಮಗೆ ಬೇಡದ ಮಾತು ತಾತನಿಗೆ ಕೇಳಿಸುವುದಿಲ್ಲ. ಆಕಾಶ ನೋಡುತ್ತಾ ನಿಂತೇ ಇದ್ದರು. ಇನ್ನೊಂದು ಸಲ ಅಂದೆ. ಕೋಲಿನ ತುದಿ ಒರೆಸಿಕೊಂಡರು. ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ, ಹುಟ್ಟಿದಾಗಿನಿಂದ ಕೂಡಿಟ್ಟಿದ್ದ ಧ್ವನಿಯೆಲ್ಲ ಸೇರಿಸಿ ಕೂಗಿಬಿಟ್ಟೆ.

“ಹೋಗಿ ಬನ್ನಿ.”

ಬೆನ್ನ ಹಿಂದೆ ಓಲಗ ಗಕ್ಕನೆ ನಿಂತಿತು. ತಿರುಗಿದೆ. ಛತ್ರದ ಮುಂದಿನ ರಸ್ತೆ ಅಗೆದು ಹಾಕಿದ್ದರಿಂದ ಕಾಶಿಯಾತ್ರೆಯ ಶಾಸ್ತ್ರಕ್ಕೆ ಮದುಮಗನನ್ನು ಹಿಂದಿನಿಂದ ಕರೆತಂದಿದ್ದರು. ನನ್ನಿಂದ ಎರಡು ಮಾರು ದೂರದಲ್ಲಿ, ಪಂಚೆ, ಛತ್ರಿ, ಕೈಯಲ್ಲೊಂದು ಕೋಲು, ಕೆನ್ನೆಗೆ ದೃಷ್ಟಿಬೊಟ್ಟು. ಮದುವೆ ಒಲ್ಲೆ, ಕಾಶಿಗೆ ಹೊರಟೆ ಅಂತ ಅವನು ಹೊರಡಬೇಕು, ಹೆಣ್ಣಿನ ತಂದೆ ಓಡಿ ಬಂದು ತಡೆಯಬೇಕು. ಹೆಣ್ಣಿನ ತಂದೆ ಇನ್ನೂ ಒಳಗೆ ಚಪ್ಪಲಿ ಹುಡುಕುತ್ತಿದ್ದರು.

ಮದುಮಗ ನನ್ನನ್ನು ನೋಡಿದ, ಪುರೋಹಿತರನ್ನು ನೋಡಿದ. ಈಗ ನಾನು ಹೋಗಬೇಕಾ ಅಂತ ಕೇಳಿದ. ಇಷ್ಟು ಸ್ಪಷ್ಟವಾಗಿ ಯಾರೂ ಕಳಿಸಿದ್ದಿಲ್ಲಪ್ಪ ಅಂತ ಪುರೋಹಿತರು ತಲೆ ಕೆರೆದುಕೊಂಡರು. ಹುಡುಗ ಸಂಕೋಚದವನು, ನನ್ನ ಹಾಗೇ. ಹೇಳಿದ್ದನ್ನು ಮಾಡಿಬಿಡೋಣ ಅಂತ ಛತ್ರಿ ಹಿಡಿದು ನಿಜವಾಗಿಯೂ ಗೇಟಿನ ಕಡೆ ನಡೆಯತೊಡಗಿದ. ಮ್ಯಾನೇಜರ್ ಬೀಗ ಹಿಡಿದು ಎದ್ದು ನಿಂತರು. ಮುಗಿಯಿತು ಅಂದುಕೊಂಡೆ. ಅಜ್ಜಿಗೆ ಏನು ಹೇಳುವುದು ಅಂತ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಹೆಣ್ಣಿನ ತಂದೆ ಬರಿಗಾಲಲ್ಲಿ, ಶಲ್ಯ ನೆಲದಲ್ಲಿ ಎಳೆಯುತ್ತಾ, ಏದುಸಿರು ಬಿಡುತ್ತಾ ಓಡಿ ಬಂದರು. “ಹೋಗಬೇಡಿ, ದಯವಿಟ್ಟು ಹೋಗಬೇಡಿ, ನಿಂತ್ಕೊಳ್ಳಿ.” ಮದುಮಗನ ಕೈ ಹಿಡಿದೇಬಿಟ್ಟರು. ಮೊದಲು ಪುರೋಹಿತರು ನಕ್ಕರು, ಓಲಗದವರು ನಕ್ಕರು, ಇಡೀ ದಿಬ್ಬಣ ನಕ್ಕಿತು.

ಹೆಣ್ಣಿನ ತಂದೆ ಬೆವರು ಒರೆಸಿಕೊಳ್ಳುತ್ತಾ ಮ್ಯಾನೇಜರ್ ಹತ್ತಿರ ಬಂದರು. ಎಲ್ಲಾ ಮದುವೇಲೂ ಇದು ಫೋಟೋಗೆ ನಿಂತ್ಕೊಳ್ಳೋ ಶಾಸ್ತ್ರ ಕಣ್ರೀ, ನಾನೊಬ್ಬ ನಿಜವಾಗ್ಲೂ ಓಡಿದೆ, ವಿಡಿಯೋ ಅದ್ಭುತವಾಗಿ ಬಂದಿದೆಯಂತೆ ಅಂದರು. ಹೋಗಿ ಬನ್ನಿ ಅಂತ ಕೂಗೋಕೆ ಇಟ್ಟಿರೋ ಇವರೆಲ್ಲ ನಿಮ್ಮ ಛತ್ರದವರೇನು ಅಂತ ಕೇಳಿದರು.

ಮ್ಯಾನೇಜರ್ ನಮ್ಮನ್ನೊಮ್ಮೆ ನೋಡಿದರು. ಬೀಗವನ್ನು ಜೇಬಿಗೆ ಹಾಕಿಕೊಂಡರು.

“ನಮ್ಮವರೇ ಸಾರ್. ಪ್ಯಾಕೇಜಲ್ಲೇ ಬರ್ತಾರೆ.”

ನಾನು ಅವರ ಸ್ಟೂಲಿನ ಮೇಲೇ ಕೂತುಬಿಟ್ಟೆ. ಇನ್ನು ಮೇಲೆ ಪ್ರತಿ ಭಾನುವಾರ ತಪ್ಪಿಸಬೇಡಿ ಅಂತ ಮ್ಯಾನೇಜರ್ ನಮಗೇ ತಾಕೀತು ಮಾಡಿದರು. ಅಜ್ಜಿಗೆ ಫೋನ್ ಮಾಡಿ ಜಾಗ ಉಳಿಯಿತು ಅಂದೆ. ಆ ಕಡೆಯಿಂದ ದೇವರಮನೆಯ ಗಂಟೆ ಕೇಳಿಸಿತು.

ದಿಬ್ಬಣ ಒಳಗೆ ಹೋಯಿತು. ಆಟ ಮುಂದುವರಿಸೋಣ ಅಂತ ತಿರುಗಿದರೆ ತಾತ ಇನ್ನೂ ಅದೇ ಜಾಗದಲ್ಲಿ, ಕೋಲು ಊರಿಕೊಂಡು ನಿಂತಿದ್ದಾರೆ. ಕ್ಯಾಚ್ ಆಗಿದೆ ತಾತ, ಹೋಗಿ ಬನ್ನಿ ಅಂದೆ.

“ಹೇಗೆ ಹೋಗ್ಲಮ್ಮ?” ಅಂದರು ತಾತ. “ಹೆಣ್ಣಿನ ತಂದೆ ಬರಿಗಾಲಲ್ಲಿ ಓಡಿ ಬಂದು ಬೇಡ ಅಂದಿದ್ದಾರೆ.”